ಯಶೋಧರಾಳ ಎರಡು ಕಿಲೋ

ಎಲ್ಲದಕ್ಕೂ ಮೂಲ ನೂರು ಗ್ರಾಂ.

ಬೆಳಿಗ್ಗೆ ಆರು ಗಂಟೆಗೆ ಫಕ್ಕೀರಪ್ಪ ಮಗಳನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಗಿರಣಿಗೆ ಹೋಗಿ, ಬತ್ತದ ಚೀಲ ತೂಗುವ ಕಾಟಾದ ಮೇಲೆ ನಿಲ್ಲಿಸಿದ. ಕೆಂಪು ಅಂಕಿಗಳು ಸ್ವಲ್ಪ ಹೊತ್ತು ಕುಣಿದು, ನಲವತ್ತೈದು ಕಿಲೋ ಒಂಬೈನೂರು ಗ್ರಾಂ ಎಂದು ನಿಂತವು. ಆ ದಿನ ಹಾನಗಲ್ಲಿನಲ್ಲಿ ತಾಲೂಕು ಮಟ್ಟದ ಶಾಲಾ ಕುಸ್ತಿ. ಒಂಬತ್ತನೆಯ ತರಗತಿಯ ಯಶೋಧರಾ ಹೆಸರು ಕೊಟ್ಟದ್ದು ನಲವತ್ತಾರು ಕಿಲೋ ವಿಭಾಗಕ್ಕೆ. ಹನ್ನೊಂದು ಗಂಟೆಗೆ ಅಲ್ಲಿ ಅವಳ ವಿಭಾಗದ ತೂಕ ನೋಡುತ್ತಾರೆ. ಅಷ್ಟರೊಳಗೆ ಅವಳ ಹೊಟ್ಟೆಗೆ ನೂರು ಗ್ರಾಂಗಿಂತ ಹೆಚ್ಚು ಏನಾದರೂ ಇಳಿದರೆ ಮೇಲಿನ ವಿಭಾಗಕ್ಕೆ, ಅಂದರೆ ನಲವತ್ತೊಂಬತ್ತಕ್ಕೆ ಹೋಗಬೇಕು. ಅಲ್ಲಿ ತಿಳವಳ್ಳಿಯ ಹುಡುಗಿಯೊಬ್ಬಳಿದ್ದಳು. ಹೋದ ವರ್ಷ ಅವಳು ಮೂವರನ್ನು ಚಿತ್ ಮಾಡಲು ತೆಗೆದುಕೊಂಡದ್ದು ಒಟ್ಟು ಎರಡು ನಿಮಿಷ.

"ಇನ್ನ ಹನ್ನೊಂದರ ತನಕ ಬಾಯಿ ತೆರೀಬ್ಯಾಡ," ಎಂದ ಫಕ್ಕೀರಪ್ಪ.

"ಮಾತಾಡಾಕೂ ತೆರೀಬಾರದೇನಪ್ಪಾ?"

"ಮಾತಾಡು. ಆದ್ರ ಗಾಳಿ ಭಾಳ ನುಂಗಬ್ಯಾಡ."

ಹೇಗೂ ಬಂದದ್ದಾಯಿತೆಂದು ತಾನೂ ಕಾಟಾ ಹತ್ತಿ ನೋಡಿಕೊಂಡ. ಅರವತ್ತೆರಡು.

ಆ ಗಿರಣಿಯಲ್ಲಿ ಹದಿನೆಂಟು ವರ್ಷದಿಂದ ಚೀಲ ತೂಗುವುದು ಫಕ್ಕೀರಪ್ಪನ ಕೆಲಸ. ಕಾಟಾ ಎಂದರೆ ಅವನಿಗೆ ಮನೆಯ ಹಿರಿಯರಿದ್ದಂತೆ. ಮೇಲೆ ಧೂಳು ಕೂತರೆ ಹೆಗಲ ಮೇಲಿನ ವಸ್ತ್ರದಿಂದ ಒರೆಸುತ್ತಿದ್ದ. ಪ್ರತಿ ವರ್ಷ ಸುಗ್ಗಿ ಶುರುವಾಗುವ ಮುಂಚೆ ಗಿರಣಿಯ ಮಾಲೀಕರಾದ ಸಾವಕಾರರು ತಾವೇ ಮುಂದೆ ನಿಂತು ಅದನ್ನು ರಿಪೇರಿ ಮಾಡಿಸುತ್ತಾರೆ ಎನ್ನುವುದನ್ನು ಎದೆಯುಬ್ಬಿಸಿ ಹೇಳುತ್ತಿದ್ದ. ಶಾಲೆಯಲ್ಲೂ ಒಂದು ತೂಕದ ಯಂತ್ರವಿತ್ತು. ಅದು ಯಶೋಧರಾಳನ್ನು ಒಂದು ದಿನ ನಲವತ್ತೇಳು ಎಂದಿತು, ಮರುದಿನ ನಲವತ್ತೊಂಬತ್ತು ಎಂದಿತು. ವ್ಯಾಯಾಮ ಕಲಿಸುವ ನಾಗರತ್ನಾ ಟೀಚರ್ ಗೊಂದಲಕ್ಕೆ ಬಿದ್ದಾಗ ಫಕ್ಕೀರಪ್ಪ ನಕ್ಕುಬಿಟ್ಟಿದ್ದ.

"ಹುಡುಗೂರು ಕುಣದು ಕುಣದು ಇದರ ಸ್ಪ್ರಿಂಗ್ ಸತ್ತೈತ್ರಿ ಅಕ್ಕೋರ. ತೂಕ ನಾ ಬರದು ಕೊಡ್ತೇನಿ, ನಮ್ಮ ಗಿರಣಿ ಕಾಟಾದಾಗ ನೋಡಿ. ಇಡೀ ಸೀಮಿ ಬತ್ತ ಅದರ ಮ್ಯಾಲ ಹಾದು ಹೋಗೇತಿ."

ಹಾಗೆ ಬರೆದು ಕೊಟ್ಟದ್ದೇ ನಲವತ್ತಾರು.

ಮನೆಗೆ ಬಂದಾಗ ಹೆಂಡತಿ ನೀಲಾಂಬಿಕಾ ಬಟ್ಟಲಿನಲ್ಲಿ ಮೊಸರು ಸಕ್ಕರೆ ಕಲಸಿಕೊಂಡು ಹೊಸ್ತಿಲಲ್ಲಿ ನಿಂತಿದ್ದಳು.

"ತಗೀ ಅದನ್ನ," ಎಂದ ಫಕ್ಕೀರಪ್ಪ.

"ಬರೇ ಹೊಟ್ಯಾಗ ಕುಸ್ತಿ ಆಡ್ತಾರೇನ್ರಿ? ಒಳ್ಳೇ ಕೆಲಸಕ್ಕ ಹೊಂಟಾಕಿ, ಬಾಯಿ ಸಿಹಿ ಮಾಡದ ಕಳಿಸಿದ್ರ ನಾಳೆ ಏನರ ಆತಂದ್ರ ನನ್ನ ತಲಿಗೆ ಬರತೈತಿ."

"ಆ ಬಟ್ಲ ನೂರೈವತ್ತು ಗ್ರಾಂ ಐತಿ."

"ಹಂಗಾರ ಚೆಲ್ಲಲೇನ? ಶುಭಕ್ಕಂತ ಮಾಡಿದ್ದು!"

ಶುಭಕ್ಕೆ ಮಾಡಿದ್ದನ್ನು ಚೆಲ್ಲುವಂತಿಲ್ಲ, ಮಗಳಿಗೆ ತಿನ್ನಿಸುವಂತಿಲ್ಲ. ಫಕ್ಕೀರಪ್ಪ ಬಟ್ಟಲನ್ನು ಕಸಿದುಕೊಂಡು ತಾನೇ ಕುಡಿದ. ಯಶೋಧರಾ ಅವನ ಗಂಟಲು ಏರಿಳಿಯುವುದನ್ನೇ ನೋಡಿದಳು.

ಮೊಸರಿನ ಮೀಸೆ ಒರೆಸಿಕೊಳ್ಳುವಷ್ಟರಲ್ಲಿ ಪಕ್ಕದ ಮನೆಯ ಕುಲಸುಮಬಿ ಸೆರಗಿನಡಿ ಬುಟ್ಟಿ ಮುಚ್ಚಿಕೊಂಡು ಬಂದಳು. ಆರು ಬೇಯಿಸಿದ ತತ್ತಿ.

"ಫಕ್ಕೀರಪ್ಪಣ್ಣ, ನಮ್ಮ ಜವಾರಿ ಕೋಳಿದು. ಪಾಪ, ಪೋರಿ ನಮ್ಮ ಓಣಿ ಹೆಸರು ತರಾಕ ಹೊಂಟೇತಿ."

"ಕೊಡ್ರಿ ಬೂಬು, ಆಮ್ಯಾಲ ತಿನ್ನಿಸ್ತೇನಿ."

"ಆಮ್ಯಾಲ ಅಂದ್ರ ನೀವು ಮರೀತೀರಿ. ಈಗ ತಿನ್ನಲಿ, ನಾ ನೋಡಿ ಹೋಗ್ತೇನಿ."

ಅವಳು ಕಟ್ಟೆಯ ಮೇಲೆ ಕುಳಿತೇ ಬಿಟ್ಟಳು. ಫಕ್ಕೀರಪ್ಪ ಮಗಳನ್ನು ಒಳಕೋಣೆಗೆ ಕರೆದೊಯ್ದು ಬಾಗಿಲು ಹಾಕಿಕೊಂಡು, ಆರು ತತ್ತಿಯನ್ನೂ ತಾನೇ ನುಂಗಿ, ಬರಿಯ ಬುಟ್ಟಿ ತಂದು ತೋರಿಸಿದ. ಕುಲಸುಮಬಿಗೆ ಖುಷಿಯಾಯಿತು. ಆ ಖುಷಿ ಓಣಿಯ ತುದಿಯವರೆಗೂ ಹೋಯಿತು. ಅವರ ಮನೆಯ ತತ್ತಿ ನಡೆಯುತ್ತದೆ, ನಮ್ಮ ಮನೆಯದು ನಡೆಯುವುದಿಲ್ಲವೇ ಎಂದು ಹಿಂದಿನ ಮನೆಯ ಮುದುಕಿ ಯಂಕವ್ವ ತುಪ್ಪ ಸುರಿದ ಗೋದಿ ಹುಗ್ಗಿಯ ತಂಬಿಗೆ ತಂದಳು. ಅದರ ಹಿಂದೆ ನಾಲ್ಕು ಶೇಂಗಾ ಉಂಡಿ ಬಂದವು. ಫಕ್ಕೀರಪ್ಪ ಪ್ರತಿ ಸಲವೂ ಒಳಗೆ ಹೋಗಿ ಬಂದ. ಎಂಟು ಗಂಟೆಯ ಹೊತ್ತಿಗೆ ಅವನು ಮಿತಿಗಿಂತ ಹೆಚ್ಚು ತುಂಬಿದ ಚೀಲದಂತಾಗಿದ್ದ; ಬಾಯಿ ಹೊಲಿಯುವುದೊಂದೇ ಬಾಕಿ ಇತ್ತು.

"ಅಪ್ಪಾ," ಎಂದಳು ಯಶೋಧರಾ ಕರುಣೆಯಿಂದ, "ಕುಸ್ತಿ ನಿಂದೋ ನಂದೋ?"

ಹಾನಗಲ್ಲಿಗೆ ಹೋಗಲು ಗುದ್ಲೆಪ್ಪ ತನ್ನ ಟೆಂಪೊ ತಂದಿದ್ದ. ಅವನೂ ಓಣಿಯವನೇ. ನಾಲ್ಕೆಕರೆ ಗದ್ದೆ ಮಾಡಿಕೊಂಡು, ಸುಗ್ಗಿಯಲ್ಲಿ ತನ್ನ ಬತ್ತವನ್ನೂ ನೆರೆಯವರದನ್ನೂ ಅದೇ ಟೆಂಪೊದಲ್ಲಿ ಗಿರಣಿಗೆ ಮಾರಲು ಸಾಗಿಸುತ್ತಿದ್ದ. ನೀಲಾಂಬಿಕಾ, ಕುಲಸುಮಬಿ, ಯಂಕವ್ವ, ನಾಗರತ್ನಾ ಟೀಚರ್, ಹುಮ್ಮಸ್ಸಿಗೆ ಹತ್ತಿದ ಎಂಟು ರೈತರು ಎಲ್ಲರೂ ಹಿಂದೆ ಕುಳಿತರು. ಮೂರು ಗದ್ದೆ ದಾಟುವಷ್ಟರಲ್ಲಿ ಮಂಡಕ್ಕಿ, ಮಿರ್ಚಿಯ ಪೊಟ್ಟಣ ಬಿಚ್ಚಿತು. ಫಕ್ಕೀರಪ್ಪ ಮಗಳ ಬಾಯಿಯ ಮೇಲಿಂದ ಕಣ್ಣು ಕೀಳಲಿಲ್ಲ. ಅವಳು ಆಕಳಿಸಿದರೂ ಒಳಗೆ ಇಣುಕಿ ನೋಡುತ್ತಿದ್ದ.

"ನೂರು ಗ್ರಾಂ ಉಳದೈತಿ ಅಂತ ಅಷ್ಟು ಖರೇ ಹೆಂಗ ಹೇಳ್ತಿ ಮಾರಾಯಾ?" ಮುಂದಿನಿಂದ ಗುದ್ಲೆಪ್ಪ ಕೂಗಿದ.

"ನಮ್ಮ ಕಾಟಾ ಹೇಳೇತಿ."

"ಅದೇನೋ ಖರೆ. ಆದ್ರ ಒಂದು ಮಾತು ನನಗ ಇನ್ನೂ ತಿಳಿವಲ್ದು. ಮನ್ಯಾಗ ತಕ್ಕಡಿ ಹಚ್ಚಿ ತುಂಬಿದ ಚೀಲ ನಿನ್ನ ಕಾಟಾದ ಮ್ಯಾಲ ಯಾಕ ಸೊರಗತಾವು?"

"ಎಷ್ಟು ಸಲ ಹೇಳ್ಲಿ ಗುದ್ಲೆಪ್ಪಣ್ಣ? ಬತ್ತ ಅಂದ್ರ ಜೀವ ಇರೂ ಮಾಲು. ಟೆಂಪೊದಾಗ ಬರೂಮುಂದ ಗಾಳಿ ಬಿಸಲಿಗೆ ದಾರ್ಯಾಗ ಒಣಗತೈತಿ."

"ಹೌದು ಬಿಡು," ಎಂದ ಗುದ್ಲೆಪ್ಪ. ಹದಿನೆಂಟು ವರ್ಷದಿಂದ ಹಾಗೆಯೇ ಎನ್ನುತ್ತಿದ್ದ.

ಹಾನಗಲ್ಲಿನ ಮೈದಾನದಲ್ಲಿ ಶಾಮಿಯಾನದ ಕೆಳಗೆ ಒಂದು ಮೇಜು, ಪಕ್ಕದಲ್ಲಿ ಹೊಳೆಯುವ ಹೊಸ ತೂಕದ ಯಂತ್ರ. ಮೇಜಿನ ಹಿಂದೆ ಶಿದ್ಲಿಂಗಪ್ಪ ಮಾಸ್ತರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಕುಳಿತಿದ್ದರು. ಯಶೋಧರಾ ಚಪ್ಪಲಿ ಬಿಟ್ಟು ಯಂತ್ರದ ಮೇಲೆ ನಿಂತಳು.

"ನಲವತ್ತೇಳು ಕಿಲೋ ಒಂಬೈನೂರು," ಎಂದರು ಮಾಸ್ತರು. "ಮುಂದಿನವರು ಬರ್ರಿ."

ಫಕ್ಕೀರಪ್ಪ ಬಗ್ಗಿ ಅಂಕಿಗಳನ್ನು ತಾನೇ ಓದಿದ.

"ಅದ್ಹೆಂಗ್ರಿ? ಮುಂಜಾನೆ ನಲವತ್ತೈದು ಒಂಬೈನೂರು ಇತ್ರಿ! ಎರಡು ಕಿಲೋ ಎಲ್ಲಿಂದ ಬಂತು?"

"ಅದನ್ನ ನನಗ್ಯಾಕ ಕೇಳ್ತೀರಿ? ಹನ್ನೊಂದೂವರಿ ತನಕ ಟೈಮ್ ಐತಿ. ಕಡಿಮಿ ಮಾಡಕೊಂಡು ಬರ್ರಿ."

ಎರಡು ಕಿಲೋ ಎಂದರೆ ಒಂದು ಸಣ್ಣ ಕುಂಬಳಕಾಯಿ. ಅದು ಒಬ್ಬ ಹುಡುಗಿಯೊಳಗೆ ಯಾರಿಗೂ ಕಾಣದಂತೆ ಹೋದದ್ದು ಹೇಗೆ? ಫಕ್ಕೀರಪ್ಪ ಮೊದಲು ಅವಳ ಓಲೆ, ಗೆಜ್ಜೆ, ಬಳೆ ತೆಗೆಸಿದ. ಜಡೆಯಿಂದ ಹನ್ನೊಂದು ಪಿನ್ನು ಕಿತ್ತ. ಎಲ್ಲ ಸೇರಿ ಇಳಿದದ್ದು ಐವತ್ತು ಗ್ರಾಂ. ಜಡೆಯನ್ನು ಕೈಯಲ್ಲಿ ಹಿಡಿದು ತೂಗಿ ನೋಡತೊಡಗಿದಾಗ ನೀಲಾಂಬಿಕಾ ಅದನ್ನು ಕಿತ್ತುಕೊಂಡಳು.

"ಜಡಿಗೆ ಕೈ ಹಚ್ಚಿದ್ರ ನೋಡ್ರಿ ಮತ್ತ!"

"ಹಂಗಾರ ಖರೇ ಹೇಳ್ರಿ. ಯಾರು ಏನು ತಿನ್ನಿಸೀರಿ?"

ಶಾಮಿಯಾನದ ಮೂಲೆಯಲ್ಲಿ ವಿಚಾರಣೆ ಶುರುವಾಯಿತು. ಯಂಕವ್ವ ಮೊದಲು ಬಾಯಿಬಿಟ್ಟಳು. ಟೆಂಪೊ ಹತ್ತುವಾಗ ಅರ್ಧ ಒಣ ಖರ್ಜೂರ ಕೊಟ್ಟಿದ್ದಳಂತೆ. ಕುಲಸುಮಬಿ ಒಂದು ಚೂರು ಕಲ್ಲುಸಕ್ಕರೆ. ನೀಲಾಂಬಿಕಾ ನೆಲ ನೋಡುತ್ತ, "ಎರಡು ಚಮಚ ನೀರು," ಎಂದಳು. ನಾಗರತ್ನಾ ಟೀಚರ್ ಬೆರಳು ಮಡಚಿ ಕೂಡಿಸಿದರು.

"ಎಲ್ಲಾ ಸೇರಿ ಮೂವತ್ತು ಗ್ರಾಂ ಆಗಂಗಿಲ್ರಿ."

"ಉಳದದ್ದು?"

"ಉಳದದ್ದು ನನ್ನ ಹೊಟ್ಯಾಗಿಲ್ಲಪ್ಪಾ," ಎಂದಳು ಯಶೋಧರಾ. ಅವಳ ಕಣ್ಣಂಚಿನಲ್ಲಿ ನೀರು ಬಂದಿತ್ತು. "ಬೆನ್ನಿಗೆ ಹತ್ತೇತಿ ಹೊಟ್ಟಿ. ನೋಡು ಬೇಕಾರ."

ಆ ಕಣ್ಣೀರು ನೋಡಿ ಫಕ್ಕೀರಪ್ಪನಿಗೆ ಸಿಟ್ಟೇರಿತು. ಮಗಳು ಸುಳ್ಳು ಹೇಳುವವಳಲ್ಲ. ತನ್ನ ಕಾಟಾ ಸುಳ್ಳು ಹೇಳುವುದಿಲ್ಲ. ಹಾಗಾದರೆ ಉಳಿದದ್ದು ಒಂದೇ. ನೇರವಾಗಿ ಮೇಜಿನ ಮುಂದೆ ಹೋಗಿ ನಿಂತ.

"ಮಾಸ್ತರ, ನಿಮ್ಮ ಮಷೀನ್ ಕೆಟ್ಟೈತಿ."

"ಮುನ್ನೂರು ಹುಡುಗೂರನ್ನ ತೂಗೇನ್ರಿ ಮುಂಜಾನಿಂದ!"

"ಮುನ್ನೂರೂ ತಪ್ಪು." ಹೇಳಿದವನೇ ತಾನು ಯಂತ್ರ ಹತ್ತಿದ. "ನೋಡ್ರಿ, ನಾ ಮುಂಜಾನೆ ಅರವತ್ತೆರಡು ಇದ್ದೆ."

ಯಂತ್ರ ಅರವತ್ತೈದು ಎಂದಿತು.

"ಮುಂಜಾನಿಂದ ಏನರ ತಿಂದೀರೇನು?" ಮಾಸ್ತರು ಕೇಳಿದರು.

ಫಕ್ಕೀರಪ್ಪ ತಡವರಿಸಿದ. "ಹಂಗ... ಮೊಸರು. ಆರು ತತ್ತಿ. ಹುಗ್ಗಿ. ಉಂಡಿ ನಾಲ್ಕು."

ಸುತ್ತ ನಿಂತವರೆಲ್ಲ ನಕ್ಕರು. ಕುಲಸುಮಬಿ ಮಾತ್ರ ನಗಲಿಲ್ಲ. "ಆರೂ ತತ್ತಿ ನೀವಽ ತಿಂದ್ರಿ?" ಎಂದಳು.

ನಗೆಯೇ ಅವನನ್ನು ಕೆರಳಿಸಿತು. "ನಗೂದು ಸಾಕ್ರಿ! ಸರಕಾರಿ ಮುದ್ರಿ ಇರೂ ತೂಕದ ಕಲ್ಲು ತರಸ್ರಿ. ಇದರ ಮ್ಯಾಲ ಇಡೂನು. ಯಾವುದು ಖರೆ, ಯಾವುದು ಸುಳ್ಳು ಎಲ್ಲಾರ ಮುಂದ ಗೊತ್ತಾಗ್ಲಿ. ಹದಿನೆಂಟು ವರ್ಷ ತೂಗೇನಿ ನಾನು!"

ಈ ಮಾತು ಊರಿನವರಿಗೆ ಮುಟ್ಟಿತು. ನಮ್ಮವನನ್ನು ನೋಡಿ ಪರ ಊರಿನವರು ನಗುವುದೆಂದರೇನು? ಗುದ್ಲೆಪ್ಪ ಅಂಗಿಯ ತೋಳು ಮಡಚಿದ.

"ನಮ್ಮ ಫಕ್ಕೀರಪ್ಪನ ಕಾಟಾ ಸುಳ್ಳು ಹೇಳಾಂಗಿಲ್ರಿ! ತಡೀರಿ, ನಾ ತರ್ತೇನಿ. ಪ್ಯಾಟ್ಯಾಗ ನಮ್ಮ ಪರಿಚಯದವರ ಅಂಗಡಿ ಐತಿ."

ಟೆಂಪೊ ಧೂಳೆಬ್ಬಿಸಿಕೊಂಡು ಹೋಗಿ ಹತ್ತು ನಿಮಿಷದಲ್ಲಿ ಬಂತು. ಇಪ್ಪತ್ತು ಕಿಲೋದ ಎರಡು ಕಬ್ಬಿಣದ ಕಲ್ಲು, ಮೇಲೆ ಸರಕಾರಿ ಮುದ್ರೆ. ಮೈದಾನದಲ್ಲಿ ಬೇರೆಲ್ಲ ಆಟ ಬಿಟ್ಟು ಜನ ಅಲ್ಲಿಗೇ ಬಂದರು. ಗುದ್ಲೆಪ್ಪ ಒಂದು ಕಲ್ಲನ್ನು ಯಂತ್ರದ ಮೇಲೆ ಇಟ್ಟ. ಇಪ್ಪತ್ತು. ಎರಡನೆಯದನ್ನೂ ಇಟ್ಟ. ನಲವತ್ತು. ಒಂದು ಗ್ರಾಂ ಆಚೆ ಇಲ್ಲ, ಈಚೆ ಇಲ್ಲ.

"ಆತಲ್ರಿ?" ಎಂದರು ಶಿದ್ಲಿಂಗಪ್ಪ ಮಾಸ್ತರು. "ನಮ್ಮ ಮಷೀನ್ ಖರೆ. ಇನ್ನ ನಿಮ್ಮದು ಏನಂತ ನೀವ ನೋಡ್ಕೋರಿ."

ಗಾಳಿಯ ದಿಕ್ಕು ಬದಲಾದಾಗ ತೆನೆಗಳು ಹೊರಳುವ ಹಾಗೆ, ಟೆಂಪೊದಲ್ಲಿ ಬಂದ ಎಂಟೂ ರೈತರ ತಲೆಗಳು ಒಂದರ ಹಿಂದೊಂದು ಫಕ್ಕೀರಪ್ಪನ ಕಡೆಗೆ ತಿರುಗಿದವು.

ಗುದ್ಲೆಪ್ಪ ಕೈಯ ಧೂಳು ಝಾಡಿಸಿಕೊಂಡ. ಬಹಳ ಮೆಲ್ಲಗೆ ಕೇಳಿದ.

"ಫಕ್ಕೀರಪ್ಪಾ, ನಮ್ಮ ಬತ್ತ ದಾರ್ಯಾಗ ಒಣಗತೈತಿ ಅಂತಿದ್ದಿ. ನಿನ್ನ ಮಗಳು ಅದಽ ದಾರ್ಯಾಗ ಎರಡು ಕಿಲೋ ಹೆಂಗ ಬೆಳದ್ಲು?"

ಫಕ್ಕೀರಪ್ಪ ಯಂತ್ರವನ್ನೊಮ್ಮೆ, ಕಲ್ಲುಗಳನ್ನೊಮ್ಮೆ ನೋಡಿದ. ಸುಗ್ಗಿಗೆ ಮುಂಚೆ ಸಾವಕಾರರು ಮುಂದೆ ನಿಂತು ಮಾಡಿಸುವ ರಿಪೇರಿ ನೆನಪಾಯಿತು. ಆ ಹೊತ್ತಿಗೆ ತಪ್ಪದೆ ತನ್ನನ್ನು ಚಹಾ ತರಲು ಕಳಿಸುತ್ತಿದ್ದದ್ದೂ ನೆನಪಾಯಿತು.

"ನನಗ ಖರೇನ ಗೊತ್ತಿಲ್ಲ ಗುದ್ಲೆಪ್ಪಣ್ಣ."

"ಹದಿನೆಂಟು ವರ್ಷ ತೂಗೇನಿ ಅಂತ ಈಗರ ಒದರಿದ್ಯಲ್ಲೋ," ಎಂದ ಹಿಂದಿನಿಂದ ಒಬ್ಬ.

ಅತ್ತ ನಾಗರತ್ನಾ ಟೀಚರ್ ಯಶೋಧರಾಳ ಹೆಸರನ್ನು ನಲವತ್ತೊಂಬತ್ತಕ್ಕೆ ಬರೆಸಿದ್ದರು. ಇನ್ನು ಅವಳು ಒಂದು ಕಿಲೋ ತಿಂದರೂ ಅಡ್ಡಿಯಿಲ್ಲ. ಕುಸ್ತಿಗೆ ಮುಕ್ಕಾಲು ಗಂಟೆ ಇತ್ತು. ಅವಳು ಹಿಗ್ಗಿನಿಂದ ಓಡಿಬಂದಳು.

"ಅಪ್ಪಾ, ತತ್ತಿ ಕೊಡು! ಹುಗ್ಗಿ ಎಲ್ಲೈತಿ?"

ಅವನು ಹೊಟ್ಟೆಯ ಮೇಲಿನ ಅಂಗಿ ಕೆಳಗೆ ಎಳೆದುಕೊಂಡ. ಎಲ್ಲಿದೆ ಎಂಬುದು ನೋಡಿದವರಿಗೆ ಗೊತ್ತಾಗುತ್ತಿತ್ತು. ಕೊನೆಗೆ ಗುದ್ಲೆಪ್ಪನೇ ಟೆಂಪೊದಿಂದ ಮಂಡಕ್ಕಿ, ಬಾಳೆಹಣ್ಣು ತಂದು ಕೊಟ್ಟ. "ತಿನ್ನವ್ವಾ, ನಿಂದೇನೂ ತಪ್ಪಿಲ್ಲ," ಎಂದ. "ನಿಂದು" ಎಂಬಲ್ಲಿ ಅವನ ದನಿ ಸ್ವಲ್ಪ ಹೆಚ್ಚು ಹೊತ್ತು ನಿಂತಿತು.

ತಿಳವಳ್ಳಿಯ ಹುಡುಗಿಯ ಜೊತೆಗಿನ ಕುಸ್ತಿಯನ್ನು ಫಕ್ಕೀರಪ್ಪ ನೋಡಲಿಲ್ಲ. ನೋಡಲು ಹೊರಟನಾದರೂ, ಎತ್ತ ಹೋದರೂ ಮುಂದೊಬ್ಬ ರೈತ ನಿಂತಿರುತ್ತಿದ್ದ, ಚೀಲ ಎಷ್ಟು, ವರ್ಷ ಎಷ್ಟು ಎಂದು ಬೆರಳು ಮಡಚುತ್ತ. ಜನರ ಕಾಲುಗಳ ನಡುವಿನಿಂದ ಒಮ್ಮೆ ಒಂದು ಜಡೆ ಗಾಳಿಯಲ್ಲಿ ಹಾರಿದ್ದು ಕಂಡಿತು, ಅಷ್ಟೇ. ಆಮೇಲೆ ದೊಡ್ಡ ಕೂಗು. ಕುಲಸುಮಬಿಯ ಸೀಟಿ. ನೀಲಾಂಬಿಕಾ ಅಳುತ್ತ ನಗುವ ಸದ್ದು.

ಯಶೋಧರಾ ಗೆದ್ದಿದ್ದಳು. ಹಸಿದವಳಿಗೆ ಎದುರು ನಿಂತದ್ದು ತಿಳವಳ್ಳಿಯವಳ ತಪ್ಪು ಎಂದು ಆಮೇಲೆ ಹೇಳಿದಳು.

ಮಧ್ಯಾಹ್ನ ಎಲ್ಲರೂ ಟೆಂಪೊ ಹತ್ತಿದರು. ಮಗಳ ಕೊರಳಲ್ಲಿ ಪದಕ, ಮೇಲೆ ಸೇವಂತಿಗೆ ಹಾರ. ಫಕ್ಕೀರಪ್ಪ ಮೂಲೆಯಲ್ಲಿ ಮುದುಡಿ ಕುಳಿತು, ಮನೆ ಸೇರಿ ಬಾಗಿಲು ಹಾಕಿಕೊಳ್ಳುವುದೊಂದನ್ನೇ ನೆನೆಯುತ್ತಿದ್ದ. ಕಾಲಿಗೆ ಏನೋ ತಣ್ಣಗೆ ತಾಗಿತು. ಬಗ್ಗಿ ನೋಡಿದ. ಎರಡೂ ತೂಕದ ಕಲ್ಲು.

"ಗುದ್ಲೆಪ್ಪಣ್ಣ, ಇವನ್ನ ಅಂಗಡಿಗೆ ವಾಪಸ್ ಕೊಡಲಿಲ್ಲೇನ?"

"ಸಂಜಿಕೆ ಕೊಡ್ತೇನಂತ ಹೇಳೇನಿ," ಎಂದ ಗುದ್ಲೆಪ್ಪ, ಗಾಡಿ ಚಾಲೂ ಮಾಡುತ್ತ. "ಮೊದಲ ಗಿರಣಿಗೆ ಹೋಗೂನು. ಸಾವಕಾರ್ರು ಇರ್ತಾರಲ್ಲ ಈ ಹೊತ್ನ್ಯಾಗ?"

ಯಶೋಧರಾ ಪದಕವನ್ನು ಲಂಗದ ಅಂಚಿನಿಂದ ಒರೆಸಿ, ಅಪ್ಪನ ತೋಳಿಗೆ ಒರಗಿದಳು.

"ಗಿರಣಿಗಾ? ಚಲೋ ಆತಪ್ಪಾ. ಪದಕ ಹಾಕ್ಕೊಂಡು ತೂಕ ಎಷ್ಟಾಗೇತಿ ನೋಡೂನಂತ!"