ಎಲ್ಲಿಗೆ ಬೇಕಾದರೂ ಹೋಗುವ ಟೈರು

ಗುಮಾಸ್ತನ ಜೀಪಿನ ಟೈರುಗಳು ಅವನ ಮಾವನ ನೆತ್ತಿಯಷ್ಟೇ ನುಣ್ಣಗಾಗಿದ್ದವು. ಮಾವನ ನೆತ್ತಿಗೆ ಉಪಾಯವಿರಲಿಲ್ಲ, ಟೈರಿಗಿತ್ತು. ಆ ಭಾನುವಾರದ ತಾಪತ್ರಯಕ್ಕೆಲ್ಲ ಮೂಲ ಇಷ್ಟೇ.

ಅವನಿದ್ದದ್ದು ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ. ನಲ್ಲಿಯಲ್ಲಿ ನೀರು ಬಾರದವರು, ಬಂದ ನೀರು ನಿಲ್ಲದವರು ಇಡೀ ದಿನ ಫೋನಿನಲ್ಲಿ ಹೇಳಿಕೊಳ್ಳುವುದನ್ನು ಕೇಳುತ್ತ ನಡುನಡುವೆ 'ಹೂಂ' ಎನ್ನುವುದು ಅವನ ಕೆಲಸ. ವರ್ಷಗಳ ಸಾಧನೆಯಿಂದ ಅವನಿಗೊಂದು ಸಿದ್ಧಿ ಒಲಿದಿತ್ತು. ಕಿವಿ ಕೇಳುವ ಗೊಡವೆಗೆ ಹೋಗದಿದ್ದರೂ ಬಾಯಿ ತಾನಾಗಿ ಸರಿಯಾದ ಜಾಗದಲ್ಲಿ 'ಹೂಂ' ಅನ್ನುತ್ತಿತ್ತು. ಕಚೇರಿಯವರು ಅವನಿಗೆ 'ಹೂಂ ಸಾಹೇಬ' ಎಂದು ಹೆಸರಿಟ್ಟಿದ್ದರು. ಹಾಗೆ ಕರೆದರೂ ಅವನು 'ಹೂಂ' ಎನ್ನುತ್ತಿದ್ದ.

ಮನೆಗೆ ಬಂದರೆ ಅಲ್ಲಿಯೂ ಬಾಯಿಗಳದೇ ರಾಜ್ಯ. ನಡುಮನೆಯಲ್ಲಿ ಮಾವ, ಡ್ರಾಯಿಂಗ್ ಮೇಷ್ಟರಾಗಿ ನಿವೃತ್ತರಾದವರು, ಪ್ರಪಂಚದ ಎಲ್ಲ ಗೆರೆಗಳಲ್ಲೂ ತಪ್ಪು ಕಾಣುವವರು. ಮಹಡಿಯ ಮೇಲೆ ಹಲ್ಲಿನ ಡಾಕ್ಟರು. ಬಾಯಿ ತೆರೆದು ಕೂತು ಉತ್ತರ ಕೊಡಲಾಗದವರ ಜೊತೆ ಮಾತಾಡಿ ಮಾತಾಡಿ, ಉತ್ತರಕ್ಕೆ ಕಾಯುವ ಅಭ್ಯಾಸವೇ ಅವರಿಗೆ ತಪ್ಪಿಹೋಗಿತ್ತು. ಪಕ್ಕದ ಮನೆಯಲ್ಲಿ ನಿವೃತ್ತ ಬಸ್ ಡ್ರೈವರು. ಅಂಗಳದ ಆಚೆ ಮನೆಯ ಮಾಲೀಕಮ್ಮ.

ಊರಾಚೆಯ ಕಲ್ಲುಗುಡ್ಡದ ನೆತ್ತಿಯಲ್ಲಿ ಒಂದೇ ಒಂದು ಮಧ್ಯಾಹ್ನ, ಒಬ್ಬನೇ, ಯಾರ ಮಾತೂ ಕೇಳದೆ ಕೂತು ಬರಬೇಕು. ಗುಮಾಸ್ತನ ಬಾಳಿನಲ್ಲಿ ಉಳಿದಿದ್ದ ಆಸೆ ಇದೊಂದೇ. ಅದಕ್ಕಾಗಿಯೇ ಹಳೆಯ ಜೀಪು ಕೊಂಡಿದ್ದ. ಕೊಂಡಾಗಿನಿಂದ ಅದು ಮಾಲೀಕಮ್ಮನ ಶೆಡ್ಡಿನಲ್ಲಿ ಮಲಗಿತ್ತು. ಜೀಪಿನ ತಗಡಿನ ತಲೆಗೂ ಶೆಡ್ಡಿನ ಬಾಗಿಲ ಮೇಲಿನ ತೊಲೆಗೂ ನಡುವೆ ಒಂದು ಬೆರಳು ತೂರುವಷ್ಟು ಜಾಗ.

ಅಂದು ಬೆಳಿಗ್ಗೆ ಮಾವ ಸ್ನಾನಕ್ಕೆ ಹೋದ ಸಮಯ ನೋಡಿ ಟೈರಿನಂಗಡಿಯವನನ್ನು ಗುಟ್ಟಾಗಿ ಕರೆಸಿದ. ಮಧ್ಯಾಹ್ನದೊಳಗೆ ಗುಡ್ಡದ ಮೇಲಿರಬೇಕೆಂದು ಲೆಕ್ಕ. ಅಂಗಡಿಯವನು ಗಾಳಿಯಂತ್ರ, ಜಾಕು, ಬಗೆಬಗೆಯ ಟೈರು ತುಂಬಿದ ವ್ಯಾನನ್ನು ಅಂಗಳಕ್ಕೆ ತಂದು, ಬಂದಿದ್ದೇನೆಂದು ತಿಳಿಸಲು ಉದ್ದಕ್ಕೆ ಹಾರನ್ ಹೊಡೆದ. ಹಿಂದೆಯೇ ಸುತ್ತಲಿನ ಬಾಗಿಲುಗಳೆಲ್ಲ ತೆರೆದವು.

"ರಸ್ತೆಗೆ ಇದು, ಕೆಸರಿಗೆ ಅದು, ಎಲ್ಲಾ ಕಡೆಗೂ ಆಗೋದು ಇದು," ಎಂದು ಅಂಗಡಿಯವನು ಉರುಳಿಸಿ ತೋರಿಸಿದ. "ಇದನ್ನ ಹಾಕ್ಕೊಂಡ್ರೆ ಕಲ್ಲು, ಮಣ್ಣು, ಹಳ್ಳ, ದಿಣ್ಣೆ, ಎಲ್ಲಿಗೆ ಬೇಕಾದ್ರೂ ಹೋಗ್ಬಹುದು ಸಾರ್."

"ಅದೇ ಇರಲಿ, ಬೇಗ ಹಾಕಿ," ಎಂದ ಗುಮಾಸ್ತ, ಸ್ನಾನದ ಮನೆಯ ಕಡೆ ನೋಡುತ್ತ.

"ಇರಿ ಅಳಿಯಂದಿರೇ, ಏನವಸರ," ಎಂದರು ಮಾವ. ಟವೆಲು ಸುತ್ತಿಕೊಂಡೇ ಬಂದಿದ್ದರು. ಕಣ್ಣು ಕಿರಿದು ಮಾಡಿ ಟೈರಿನ ಮೈಮೇಲಿನ ಗೀರುಗಳನ್ನು ನೋಡಿದರು. "ಈ ಕಡೆ ಗೆರೆ ಒಂದು ಥರ, ಆ ಕಡೆ ಇನ್ನೊಂದು ಥರ. ಸಮತೋಲನವೇ ಇಲ್ವಲ್ಲ. ಒಳ್ಳೇ ಕೈಯವನು ಬರೆದದ್ದಲ್ಲ ಇದು."

ಡಾಕ್ಟರು ಮೊಬೈಲಿನ ಬೆಳಕು ಬಿಟ್ಟು ಟೈರಿನ ಹಲ್ಲುಗಳ ಸಂದಿಯಲ್ಲಿ ಇಣುಕಿದರು. "ಸಂದಿ ಜಾಸ್ತಿಯಾಯ್ತು. ಕಲ್ಲು ಸಿಕ್ಕಿಕೊಳ್ಳುತ್ತೆ. ಮೊದಲು ಏನೂ ಗೊತ್ತಾಗಲ್ಲ, ಆಮೇಲೆ ಬುಡವೇ ಹೋಗುತ್ತೆ. ನೋವಿದೆಯಾ?" ಎಂದರು, ಅಭ್ಯಾಸಬಲದಿಂದ.

"ಸಾರ್, ನಾನು ಬಸ್ಸು ಓಡಿಸಿದವನು," ಎಂದರು ಡ್ರೈವರಣ್ಣ. ಆ ಸಂಗತಿಯನ್ನು ಅವರು ದಿನಾ ಹೊಸದಾಗಿ ತಿಳಿಸುತ್ತಿದ್ದರು. "ಟೈರು ಅಂದ್ರೆ ದೊಡ್ಡದಿರ್ಬೇಕು. ಇದೇನಿದು, ಬಳೆ ಇದ್ದಂಗಿದೆ. ಒಂದು ಸೈಜು ಮೇಲಿಂದು ಹಾಕ್ಸಿ."

"ಯಾವುದಾದ್ರೂ ಹಾಕ್ಸಿಕೊಳ್ಳಪ್ಪ, ನನ್ನ ಅಂಗಳಕ್ಕೆ ಕೆಸರು ತರ್ಬಾರದು ಅಷ್ಟೇ," ಎಂದರು ಮಾಲೀಕಮ್ಮ. "ಆ ತೊಲೆಗೆ ಮೊನ್ನೆ ಬಣ್ಣ ಹೊಡ್ಸಿದ್ದೀನಿ, ಅದೂ ನೆನಪಿರಲಿ."

ವಾದ ಬೆಳೆಯಿತು. ಬಿಸಿಲು ಏರಿತು. ಗುಮಾಸ್ತ ಅಂಗಳದ ಉದ್ದಗಲಕ್ಕೆ ಓಡಾಡಿದ, ಗಡಿಯಾರ ನೋಡಿದ, ಕೂತ, ಎದ್ದ. ಗುಡ್ಡದ ಮೇಲಿನ ತನ್ನ ಮಧ್ಯಾಹ್ನ ಸಂತೆಯಲ್ಲಿಟ್ಟ ಮಂಜುಗಡ್ಡೆಯಂತೆ ಕರಗುತ್ತಿರುವುದು ಅವನಿಗೆ ಕಾಣುತ್ತಿತ್ತು. ಕಿವಿಗಳು ಎಂದಿನಂತೆ ಬಾಗಿಲು ಹಾಕಿಕೊಂಡವು. ಬಾಯಿ ಕೆಲಸಕ್ಕೆ ಹಾಜರಾಯಿತು.

"ದೊಡ್ಡ ಸೈಜೇ ಆಗ್ಲಾ ಸಾರ್?" ಅಂಗಡಿಯವನು ಕೇಳಿದ.

"ಹೂಂ."

"ಗಾಡಿ ಸ್ವಲ್ಪ ಎತ್ತರ ಆಗುತ್ತೆ. ಶೆಡ್ಡಿನ ಬಾಗಿಲು ಅಳತೆ ನೋಡಿದ್ದೀರಲ್ಲ?"

"ಹೂಂ."

ಅಂಗಡಿಯವನು ಶೆಡ್ಡಿನೊಳಗೆ ಬಗ್ಗಿ ಕೂತು ಟೈರು ಬದಲಾಯಿಸಿದ. ಬೋಳು ಟೈರುಗಳನ್ನೂ ಗಾಳಿಯಂತ್ರವನ್ನೂ ವ್ಯಾನಿಗೆ ಹಾಕಿಕೊಂಡು, "ಭಾನುವಾರ ಅಲ್ವಾ ಸಾರ್, ಫೋನ್ ಆಫ್ ಮಾಡ್ತೀನಿ," ಎಂದು ನಕ್ಕು ಹೊರಟುಹೋದ. ಗುಮಾಸ್ತನಿಗೆ ಅವನ ಮೇಲೆ ಹೊಟ್ಟೆಕಿಚ್ಚಾಯಿತು.

ಜೀಪು ಹತ್ತಿ ಕೀಲಿ ತಿರುಗಿಸಿದ. ಜೀಪು ಗುಟುರು ಹಾಕಿ ಮುಂದೆ ಬಂತು. ತಗಡಿನ ತಲೆ ತೊಲೆಗೆ ಒತ್ತಿ 'ಕಿರ್' ಎಂದಿತು.

"ನನ್ನ ಬಣ್ಣ," ಎಂದರು ಮಾಲೀಕಮ್ಮ, ಎದೆಯ ಮೇಲೆ ಕೈಯಿಟ್ಟು.

ಎಲ್ಲರೂ ಬಂದು ನೋಡಿದರು. ಕಲ್ಲು, ಮಣ್ಣು, ಹಳ್ಳ, ದಿಣ್ಣೆ ಎಲ್ಲವನ್ನೂ ದಾಟಬಲ್ಲ ಜೀಪು ತನ್ನ ಶೆಡ್ಡಿನ ಹೊಸ್ತಿಲು ದಾಟುವಂತಿರಲಿಲ್ಲ.

"ಗಾಳಿ ಬಿಟ್ಬಿಡೋಣ," ಎಂದರು ಡಾಕ್ಟರು.

"ಬಿಟ್ಟು? ಗಾಳಿಯಂತ್ರ ವ್ಯಾನಲ್ಲಿ ಹೋಯ್ತು," ಎಂದರು ಡ್ರೈವರಣ್ಣ. "ಆಮೇಲೆ ಬಾಯಲ್ಲಿ ಊದ್ತೀರಾ?"

"ನಮ್ಮಲ್ಲಿ ಅದಕ್ಕೆ ಬಾಯಿಗೇನೂ ಕಡಿಮೆ ಇಲ್ಲ," ಎಂದಳು ಗುಮಾಸ್ತನ ಹೆಂಡತಿ, ಮನೆಯ ಬಾಗಿಲಲ್ಲೇ ನಿಂತು.

"ತೊಲೆ ಸ್ವಲ್ಪ ಕೆತ್ತಿಸಿದ್ರೆ..." ಎಂದು ಮಾವ ಶುರುಮಾಡಿದರು. ಮಾಲೀಕಮ್ಮ ತಿರುಗಿ ನೋಡಿದ ನೋಟಕ್ಕೆ ಆ ವಾಕ್ಯ ಅಲ್ಲೇ ನಿಂತಿತು.

ಕೊನೆಗೆ ಡ್ರೈವರಣ್ಣನೇ ತೊಡೆ ತಟ್ಟಿದರು. "ಭಾರ ಹಾಕ್ಬೇಕು ಸಾರ್. ಹಿಂದೆ ಜನ ತುಂಬಿದ್ರೆ ಅಡಿಯ ಕಮಾನು ಪಟ್ಟಿ ಬಗ್ಗುತ್ತೆ, ಗಾಡಿ ಕೂರುತ್ತೆ. ಬಸ್ಸಲ್ಲಿ ದಿನಾ ನೋಡಿದ್ದೀನಿ."

ಅವರು ಹತ್ತಿದರು. ಮಾವ ಅಂಗಿ ಹಾಕಿಕೊಂಡು ಬಂದು ಹತ್ತಿದರು. ಡಾಕ್ಟರು ಹತ್ತಿದರು. ಜೀಪು ನಿಟ್ಟುಸಿರಿಟ್ಟು ಕೆಳಗಿಳಿಯಿತು. ಆದರೂ ಕೂದಲೆಳೆಯಷ್ಟು ಸಾಲದು.

ಎಲ್ಲರ ಕಣ್ಣೂ ಮಾಲೀಕಮ್ಮನ ಕಡೆ ತಿರುಗಿತು, ತಕ್ಷಣ ಬೇರೆ ಕಡೆ ಹೊರಳಿತು. ಆಕೆಯ ಮೈಕಟ್ಟು ಧಾರಾಳ, ಸಿಟ್ಟೂ ಅಷ್ಟೇ ಧಾರಾಳ. ಬಾಯಿಬಿಟ್ಟು ಕೇಳುವ ಧೈರ್ಯ ಯಾರಿಗಿದೆ? ಗುಮಾಸ್ತ ಬೆವರೊರೆಸಿಕೊಂಡ.

ಮಾವ ಕಿಟಕಿಯಿಂದ ತಲೆ ಹೊರಹಾಕಿದರು. "ಅಮ್ಮಾ, ಚಿತ್ರದಲ್ಲಿ ಎಲ್ಲ ಇದೆ, ನಡುವೆ ಒಂದು ಗಾಂಭೀರ್ಯ ಇಲ್ಲ. ತಾವು ಬಂದು ಕೂತ್ರೆ ತೊಲೆಯ ಬಣ್ಣಾನೂ ಹತ್ತಿರದಿಂದ ಕಾಯಬಹುದು."

"ಬಣ್ಣಕ್ಕೋಸ್ಕರ ಬರ್ತೀನಿ," ಎಂದು ಆಕೆ ಸೆರಗು ಸಿಕ್ಕಿಸಿ ಹತ್ತಿದರು. ಜೀಪು ಮಂಡಿಯೂರಿದ ಆನೆಯಂತೆ ಕುಗ್ಗಿತು. ಗುಮಾಸ್ತ ಗಾಡಿಯನ್ನು ಮೆಲ್ಲಗೆ ಮುಂದೆ ಬಿಟ್ಟ. ತಗಡು ತೊಲೆಯ ಅಡಿ ನುಸುಳಿ ಬಿಸಿಲಿಗೆ ಬಂತು.

"ದೊಡ್ಡ ಉಪಕಾರ ಆಯ್ತು," ಎಂದ ಅವನು. "ಇನ್ನು ಎಲ್ಲರೂ ಇಳೀಬಹುದು."

"ಇಳಿದ್ರೆ ವಾಪಸ್ ಒಳಗೆ ಹೆಂಗಪ್ಪ ಹಾಕ್ತೀಯಾ?" ಎಂದರು ಮಾಲೀಕಮ್ಮ. "ರಾತ್ರಿ ಗಾಡಿ ಹೊರಗೆ ನಿಲ್ಲೋ ಹಾಗಿಲ್ಲ. ಬಾಡಿಗೆಗೆ ಬಂದ ದಿನವೇ ಹೇಳಿದ್ದೆ, ನೀನೂ ಹೂಂ ಅಂದಿದ್ದೆ."

"ಬಂದ ಮೇಲೆ ಎಲ್ಲರನ್ನೂ ಕರೀತೀನಿ."

"ಸಂಜೆ ಒಬ್ಬೊಬ್ಬರು ಒಂದೊಂದು ಕಡೆ ಇರ್ತೀವಿ ಸಾರ್," ಎಂದರು ಡ್ರೈವರಣ್ಣ. "ಒಬ್ಬರು ಕಮ್ಮಿಯಾದ್ರೂ ಗಾಡಿ ಬೀದೀಲೇ."

"ಅದಕ್ಕೇನು, ಒಟ್ಟಿಗೆ ಹೋಗಿ ಒಟ್ಟಿಗೆ ಬರೋಣ," ಎಂದರು ಮಾವ, ಸೀಟಿಗೆ ಒರಗಿಕೊಳ್ಳುತ್ತ. "ನಾನೂ ಗುಡ್ಡ ನೋಡಿ ಬಹಳ ದಿನ ಆಯ್ತು. ಆಗಬಹುದಲ್ವಾ ಅಳಿಯಂದಿರೇ?"

ಗುಮಾಸ್ತ ಮನಸ್ಸಿನೊಳಗೆ ಬೇರೆಯೇ ಒಂದು ಉತ್ತರ ಸಿದ್ಧಮಾಡುತ್ತಿದ್ದ. ಅಷ್ಟರಲ್ಲಿ ಬಾಯಿ 'ಹೂಂ' ಎಂದುಬಿಟ್ಟಿತು.

ಟೈರುಗಳು ಕೊಟ್ಟ ಮಾತಿಗೆ ತಪ್ಪಲಿಲ್ಲ. ಕಲ್ಲು ಹತ್ತಿದವು, ಕೊರಕಲು ಇಳಿದವು. ಪ್ರತಿ ತಿರುವಿನಲ್ಲೂ "ಎಡಕ್ಕೆ ಸಾರ್", "ಬಲಕ್ಕೆ ಅಳಿಯಂದಿರೇ", "ಕಲ್ಲು ಸಿಕ್ಕಿಕೊಳ್ತು, ನಾನು ಹೇಳಿರ್ಲಿಲ್ವಾ", "ಕೆಸರು, ಕೆಸರು" ಎಂಬ ಮೇಳ. ನೆತ್ತಿ ತಲುಪಿದಾಗ, ಆ ಸೈಜು ಆರಿಸಿದ್ದು ತಾನೇ ಎಂದು ನಾಲ್ವರೂ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು.

ಗುಮಾಸ್ತ ಮೆಲ್ಲಗೆ ಜಾರಿಕೊಂಡು ದೊಡ್ಡ ಬಂಡೆಯೊಂದರ ಮರೆಗೆ ಹೋಗಿ ಮನೆಗೆ ಫೋನು ಮಾಡಿದ.

"ಏನ್ ಮಾಡ್ತಿದ್ದೀಯಾ?"

"ಏನೂ ಇಲ್ಲರೀ, ನಿಮ್ಮ ಕುರ್ಚೀಲಿ ಸುಮ್ನೆ ಕೂತಿದ್ದೀನಿ." ಹೆಂಡತಿಯ ದನಿ ಅವನು ಮದುವೆಯಾದಾಗಿನಿಂದ ಕೇಳಿರದಷ್ಟು ನಿಧಾನವಾಗಿತ್ತು. "ಮಹಡಿ ಮೇಲೆ ಮಾತಿಲ್ಲ, ಪಕ್ಕದ ಮನೇಲಿ ಮಾತಿಲ್ಲ, ಅಂಗಳದಲ್ಲಿ ಮಾಲೀಕಮ್ಮ ಇಲ್ಲ, ಅಪ್ಪನೂ ಇಲ್ಲ. ನಲ್ಲಿ ತೊಟ್ಟಿಕ್ಕೋದು ಕೂಡ ಕೇಳಿಸ್ತಿದೆ, ಬೇಕಾದ್ರೆ ದೂರು ಬರ್ಕೊಳ್ಳಿ. ನಮ್ಮನೇಲಿ ಇಷ್ಟು ಶಾಂತಿ ಇದೆ ಅಂತ ನನಗೆ ಗೊತ್ತೇ ಇರ್ಲಿಲ್ಲ."

ಗುಮಾಸ್ತ ಕಣ್ಣು ಮುಚ್ಚಿಕೊಂಡ. ತನ್ನ ಕುರ್ಚಿ ಕಣ್ಣಿಗೆ ಕಟ್ಟಿತು.

"ಅಂದಹಾಗೆ, ಆ ಟೈರು ಎಷ್ಟು ವರ್ಷ ಬಾಳುತ್ತಂತೆ?"

"ಬಹಳ ವರ್ಷ ಅಂದ. ಗಟ್ಟಿ ಮಾಲಂತೆ."

"ಒಳ್ಳೇದಾಯ್ತು. ಹಾಗಾದ್ರೆ ಪ್ರತಿ ಭಾನುವಾರ ಎಲ್ಲರನ್ನೂ ಕೂರಿಸ್ಕೊಂಡು ಹೋಗ್ಬನ್ನಿ. ನಿಧಾನವಾಗಿ ಬನ್ನಿ, ಅವಸರ ಇಲ್ಲ."

ಬಂಡೆಯ ಮೇಲಿಂದ ಸಾಲಾಗಿ ನಾಲ್ಕು ತಲೆಗಳು ಇಣುಕಿದವು.

"ಅಳಿಯಂದಿರೇ, ಅಲ್ಯಾಕೆ ಕೂತಿದ್ದೀರಿ? ನೋಟ ಇರೋದು ಈ ಕಡೆ."

ಫೋನಿನಲ್ಲಿ ಹೆಂಡತಿ, "ಏನ್ರೀ, ಆಗಬಹುದಲ್ವಾ?" ಎಂದಳು.

"ಹೂಂ," ಎಂದ ಗುಮಾಸ್ತ. ಯಾರಿಗೆಂದು ಅವನಿಗೂ ತಿಳಿಯಲಿಲ್ಲ.