ಡ್ರ್ಯಾಗನ್ ಉಂಟು, ಎದುರಿಗೆ ಜನ ಇಲ್ಲ

ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆ ಇಸ್ಪೀಟಿಗೆ ಜನ ಸಾಲದೆ ಆಟ ನಿಂತದ್ದನ್ನು ನಾನು ಕಂಡಿಲ್ಲ. ಮದುವೆಯ ಹಿಂದಿನ ದಿನವಾಗಲಿ, ಸತ್ತವರ ಬೊಜ್ಜದ ಊಟ ಮುಗಿದ ಮೇಲಾಗಲಿ, ಚಾಪೆ ಹಾಕಿದರೆ ನಾಲ್ಕು ಜನ ಬಂದು ಕೂರುತ್ತಾರೆ, ಐದನೆಯವರು ಹಿಂದೆ ನಿಂತು ಸಲಹೆ ಕೊಡುತ್ತಾರೆ. ನನಗೆ ಬೇಕಾದದ್ದು ಒಬ್ಬರೇ ಒಬ್ಬರು. ಅಷ್ಟೂ ಸಿಗುವುದಿಲ್ಲ. ಯಾಕೆಂದರೆ ನನ್ನ ಎಲೆಗಳಲ್ಲಿ ರಾಜ ರಾಣಿಯರ ಜಾಗದಲ್ಲಿ ಡ್ರ್ಯಾಗನ್‌ಗಳು ಕೂತಿವೆ. ಇದರಿಂದ ನನಗೆ ಆಗಬಾರದ್ದೆಲ್ಲ ಆಗುತ್ತಾ ಬಂದಿದೆ. ನಿಲ್ಲುವ ಲಕ್ಷಣ ಕಾಣುವುದಿಲ್ಲವಾದ್ದರಿಂದ ಇಲ್ಲಿಯವರೆಗಿನದ್ದನ್ನು ಹೇಳಿಬಿಡುತ್ತೇನೆ.

ಸರ್ವರ್ ಇಲ್ಲದ ದಿನಗಳು

ಆಗ ನಾನು ಕಡಬದಲ್ಲಿ ಒಂದು ಬ್ಯಾಂಕಿನ ಗುಮಾಸ್ತ. ಕೃಷಿ ಸಾಲ ನೋಡಿಕೊಳ್ಳಲು ಹಿಮಾಚಲದಿಂದ ಒಬ್ಬ ಆಫೀಸರ್ ಬಂದರು. ಸೇಬಿನ ಊರಿನವರು. ಅಡಿಕೆ ಮರವನ್ನು ಅವರು ಮೊದಲು ನೋಡಿದ್ದು ಅದಕ್ಕೆ ಸಾಲ ಮಂಜೂರು ಮಾಡಲು ಹೋದಾಗ. ಕನ್ನಡವನ್ನು ನಮ್ಮಿಂದಲೇ ಕಲಿತರು. ಹಾಗಾಗಿ "ಮಾರಾಯ್ರೆ" ಎನ್ನುವುದು ಅತಿ ಗೌರವದ ಮಾತು ಎಂದು ತಿಳಿದು, ತಪಾಸಣೆಗೆ ಬಂದ ದೊಡ್ಡ ಅಧಿಕಾರಿಗೂ ಅದನ್ನೇ ಸೇರಿಸಿ ನಮಸ್ಕಾರ ಹೇಳಿದರು.

ಒಂದು ದಿನ ಸರ್ವರ್ ಕೈಕೊಟ್ಟಿತ್ತು. ಊಟದ ಹೊತ್ತಿಗೆ ಅವರು ಚೀಲದಿಂದ ಎರಡು ಕಟ್ಟು ಎಲೆ ತೆಗೆದರು. ಆಟ ಹೀಗೆ: ಅರವತ್ತು ಎಲೆಗಳ ಕಟ್ಟನ್ನು ಆಡುವ ಒಬ್ಬೊಬ್ಬರೂ ತಮಗೆ ಬೇಕಾದ ಎಲೆ ಆರಿಸಿ ಜೋಡಿಸಿಕೊಳ್ಳಬೇಕು. ಪ್ರತಿ ಸರದಿಗೆ ಮೇಲಿನಿಂದ ಒಂದು ಎಲೆ ಎತ್ತಬೇಕು, ಕೈಯಲ್ಲಿ ಗುಡ್ಡದ ಎಲೆ ಇದ್ದರೆ ಒಂದನ್ನು ಇಳಿಸಬಹುದು. ಒಂದು ಗುಡ್ಡ ಇದ್ದರೆ ಒಬ್ಬ ಸಣ್ಣ ಸೈನಿಕ ಬರುತ್ತಾನೆ. ಡ್ರ್ಯಾಗನ್ ಬರಬೇಕಾದರೆ ಆರು ಗುಡ್ಡ ಬೇಕು.

ಅವರು ಸೈನಿಕರನ್ನು ನೆಚ್ಚಿಕೊಂಡವರು, ನಾನು ಡ್ರ್ಯಾಗನ್‌ಗಳನ್ನು. ನಾನು ಐದನೆಯ ಗುಡ್ಡ ಇಳಿಸುವ ಹೊತ್ತಿಗೆ ಒಂದೋ ಅವರ ಸೈನಿಕರು ನನ್ನನ್ನು ಮುಗಿಸಿರುತ್ತಿದ್ದರು, ಇಲ್ಲವೇ ಸರ್ವರ್ ಬಂದಿರುತ್ತಿತ್ತು. ಸರ್ವರ್ ಬಂತೆಂದು ಶಾಖೆಗೆ ಶಾಖೆಯೇ ಸಂತೋಷಪಡುವಾಗ ಮುಖ ಸಣ್ಣ ಮಾಡುತ್ತಿದ್ದವನು ನಾನೊಬ್ಬ. ಅವರು ಕಡಬದಲ್ಲಿ ಇದ್ದಷ್ಟು ಕಾಲ ಒಂದೇ ಒಂದು ಡ್ರ್ಯಾಗನ್ ಕೂಡ ನನ್ನ ಕೈಯಿಂದ ಮೇಜಿಗೆ ಇಳಿಯಲಿಲ್ಲ.

ಆಮೇಲೆ ಅವರಿಗೆ ಊರಿನ ಕಡೆಗೇ ವರ್ಗವಾಯಿತು. ಹೋಗುವ ದಿನ, ನಾನು ಆಡುತ್ತಿದ್ದ ಕಟ್ಟನ್ನು ನನಗೇ ಬಿಟ್ಟುಕೊಟ್ಟು, ತಮ್ಮ ಕಟ್ಟಿನಿಂದ ಒಂದು ದೊಡ್ಡ ಕೆಂಪು ಡ್ರ್ಯಾಗನ್ ತೆಗೆದು ನನ್ನ ಕೈಗಿಟ್ಟು, "ಇದನ್ನು ನನ್ನ ಎದುರು ಇಳಿಸಿ ತೋರಿಸ್ಬೇಕು ಮಾರಾಯ್ರೆ" ಎಂದರು. ಬೀಳ್ಕೊಡುಗೆಯಲ್ಲಿ ನಾನು ಕಣ್ಣೊರೆಸಿಕೊಂಡದ್ದನ್ನು ಕಂಡ ಮ್ಯಾನೇಜರ್, ನನಗೂ ವರ್ಗಾವಣೆಯ ಸುದ್ದಿ ಸಿಕ್ಕಿದೆ ಎಂದುಕೊಂಡು ಸಮಾಧಾನ ಹೇಳಿದರು. ಅದು ಮುಂದಿನ ತಿಂಗಳು ನಿಜವಾಗಿಯೂ ಬಂತು. ಸುಳ್ಯಕ್ಕೆ, ಮನೆಯ ಹತ್ತಿರಕ್ಕೆ. ಆಗ ಮಾತ್ರ ಅಳು ಬರಲಿಲ್ಲ.

ತುರುಪು ಯಾವುದು

ಆಫೀಸರ್ ಹೋದ ಮೇಲೆ ಎದುರಾಳಿಯನ್ನು ಹುಡುಕುವ ಕೆಲಸ ಶುರುವಾಯಿತು. ನೆಲ್ಯಾಡಿಯ ರಬ್ಬರ್ ಕೃಷಿಕರೊಬ್ಬರು ಕಡಬದ ಬ್ಯಾಂಕಿಗೆ ಬಂದಾಗಲೆಲ್ಲ ನಮ್ಮ ಆಟವನ್ನು ಇಣುಕಿ ನೋಡುತ್ತಿದ್ದರು. ಕೇರಳದಿಂದ ಬಂದು ನೆಲೆಸಿದ ಮನೆತನ. ನಾವೆಲ್ಲ ಅವರನ್ನು ಮಲಯಾಳದಲ್ಲೇ ಚೇಟ, ಅಂದರೆ ಅಣ್ಣ, ಎಂದು ಕರೆಯುವುದು. ಇಪ್ಪತ್ತೆಂಟು ಎಂಬ ಇಸ್ಪೀಟಿನ ಆಟದಲ್ಲಿ ಅವರನ್ನು ಸೋಲಿಸಿದವರು ಆ ಕಡೆ ಇಲ್ಲ ಎಂದು ಕೇಳಿದ್ದೆ. ಒಂದು ಆದಿತ್ಯವಾರ ಇದ್ದ ಎಲೆಗಳನ್ನೇ ಎರಡು ಕಟ್ಟು ಮಾಡಿ ಹಿಡಿದುಕೊಂಡು ಅವರ ಮನೆಗೆ ಹೋದೆ.

ಬೇಯಿಸಿದ ಮರಗೆಣಸು, ಮೀನುಸಾರು ಮುಗಿದ ಮೇಲೆ ಆಟಕ್ಕೆ ಕೂತೆವು. ಚೇಟ ಎಲೆಗಳನ್ನು ಬೀಸಣಿಗೆ ಮಾಡಿ ಹಿಡಿದು ತುರುಪು ಯಾವುದೆಂದು ಕೇಳಿದರು. ಇದರಲ್ಲಿ ತುರುಪು ಇಲ್ಲ ಎಂದೆ. ಅವರು ನನ್ನನ್ನು ಕನಿಕರದಿಂದ ನೋಡಿದರು. ಆದರೂ ಅತಿಥಿಯ ಮನಸ್ಸು ನೋಯಿಸಬಾರದೆಂದು ಆಡಿದರು, ಚೆನ್ನಾಗಿಯೇ ಆಡಿದರು. ಅವರ ಸೈನಿಕ ನನ್ನ ಸೈನಿಕನನ್ನು ಹೊಡೆದಾಗಲೆಲ್ಲ ಎರಡೂ ಎಲೆಗಳನ್ನು ಗುಡಿಸಿ ತಮ್ಮ ತೊಡೆಯ ಪಕ್ಕ ಇಟ್ಟುಕೊಂಡರು. ಸ್ವಲ್ಪ ಹೊತ್ತಿನಲ್ಲಿ ನನ್ನ ಅರ್ಧ ಕಟ್ಟು ಅಲ್ಲಿತ್ತು. ಹಾಗಲ್ಲ, ಸತ್ತ ಎಲೆಯೂ ಅವರವರ ಹತ್ತಿರವೇ ಇರಬೇಕು ಎಂದು ವಿವರಿಸಿದೆ.

ಚೇಟ ತೊಡೆಯ ಪಕ್ಕದ ರಾಶಿಯನ್ನು ನೋಡಿದರು. "ಆಟ ಮುಗಿದ ಮೇಲೆ ನಿಮ್ಮ ಎಲೆ ನಿಮಗೆ, ನನ್ನ ಎಲೆ ನನಗೆ?"

"ಹೌದು."

"ಮತ್ತೆ ಇಷ್ಟು ಹೊತ್ತು ನಾವು ಮಾಡಿದ್ದು ಎಂತ ಸಾರ್?"

ಪುತ್ತೂರಿನಲ್ಲಿ ಕೆಲಸ

ಎದುರಾಳಿ ಇಲ್ಲದಿದ್ದರೇನು, ಕಟ್ಟನ್ನಾದರೂ ಸಿದ್ಧ ಮಾಡಿ ಇಡೋಣ ಎಂದುಕೊಂಡೆ. ಆಫೀಸರ್ ಯಾವತ್ತಾದರೂ ಬರಬಹುದು. ಬಿಡಿ ಎಲೆಗಳನ್ನು ದೂರದ ಅಂಗಡಿಯಿಂದ ತರಿಸಬೇಕು. ನಮ್ಮ ಮನೆ ಇರುವುದು ಮಂಡೆಕೋಲಿನಲ್ಲಿ. ಕೊರಿಯರ್‌ನವರು ಪುತ್ತೂರಿನವರೆಗೆ ಬಂದು, ಅಲ್ಲಿಂದ ಫೋನ್ ಮಾಡಿ, ನೀವೇ ಬಂದು ತೆಗೆದುಕೊಂಡು ಹೋಗಿ ಎನ್ನುತ್ತಾರೆ. ಹೀಗೆ ಒಂದು ಡ್ರ್ಯಾಗನ್ ಎಂದರೆ ಪುತ್ತೂರಿಗೆ ಒಂದು ಪ್ರಯಾಣ.

ಆಫೀಸರ್ ಫೋನಿನಲ್ಲಿ ಬುದ್ಧಿ ಹೇಳುತ್ತಿದ್ದರು. ಡ್ರ್ಯಾಗನ್ ಜಾಸ್ತಿಯಾಯಿತು, ಅರ್ಧ ತೆಗೆದು ಗುಡ್ಡ ಹಾಕಿ ಎಂದು. ನಾನು ಒಂದನ್ನೂ ತೆಗೆಯಲಿಲ್ಲ. ಬೆಳ್ಳಿ ಬಣ್ಣದ್ದನ್ನು ತರಲು ಹೋದ ದಿನ ಬಸ್ಸು ಕೆಟ್ಟು ಜಾಲ್ಸೂರಿನವರೆಗೆ ಪಿಕಪ್‌ನಲ್ಲಿ ಅಡಿಕೆ ಹಾಳೆಯ ಮೂಟೆಗಳ ಮೇಲೆ ಕೂತು ಬಂದಿದ್ದೆ. ಹಸಿರಿನದ್ದಕ್ಕಾಗಿ ಭಾವನ ಮನೆಯ ಗೃಹಪ್ರವೇಶ ತಪ್ಪಿಸಿದ್ದೆ. ಇಂಥವನ್ನು ಹೊರಗೆ ಹಾಕುವುದು ಹೇಗೆ? ನಮ್ಮ ಊರಿನಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ಗುಡ್ಡ. ನನ್ನ ಕಟ್ಟಿನಲ್ಲಿ ಮಾತ್ರ ಕೊರತೆ.

ಪುತ್ತೂರಿನಲ್ಲಿ ಸ್ವಲ್ಪ ಕೆಲಸ ಉಂಟು ಎಂದು ಹೇಳಿ ನಾನು ಹೊರಡುವುದು ಜಾಸ್ತಿಯಾದಾಗ, ಅಮ್ಮ ನನ್ನ ಹೆಂಡತಿಯನ್ನು ಅಡುಗೆಮನೆಗೆ ಕರೆದು, ಇವನು ಪುತ್ತೂರಿನಲ್ಲಿ ಇನ್ನೊಂದು ಸಂಸಾರ ಏನಾದರೂ ಮಾಡಿದ್ದಾನಾ ಎಂದು ಮೆಲ್ಲಗೆ ಕೇಳಿದರಂತೆ.

ಹೆಂಡತಿ ಕಾಯಿ ತುರಿಯುವುದನ್ನು ನಿಲ್ಲಿಸಲಿಲ್ಲ. "ಮಾಡಿದ್ರೆ ಒಳ್ಳೆದಿತ್ತು ಅತ್ತೆ. ಅವಳ ಹತ್ತಿರವಾದ್ರೂ ಆಡಬಹುದಿತ್ತು."

ರೆಕ್ಕೆ ಇರುವ ನಾಗ

ಒಂದು ದಿನ ಸಂಜೆ ಬ್ಯಾಂಕಿನಿಂದ ಬಂದು ಕಟ್ಟು ನೋಡಿದರೆ ಆಫೀಸರ್ ಕೊಟ್ಟ ಕೆಂಪು ಡ್ರ್ಯಾಗನ್ ಇಲ್ಲ. ಮನೆಯಿಡೀ ಹುಡುಕಿದೆ. ಕೊನೆಗೆ ಸಿಕ್ಕಿದ್ದು ದೇವರ ಕೋಣೆಯಲ್ಲಿ, ಹಣೆಗೆ ಅರಸಿನ ಹಚ್ಚಿಕೊಂಡು, ಪಕ್ಕದಲ್ಲಿ ಒಂದು ಕೇಪಳ ಹೂ ಇಟ್ಟುಕೊಂಡು.

ಅಮ್ಮ ಗುಡಿಸುವಾಗ ಅದು ನೆಲದ ಮೇಲೆ ಬಿದ್ದಿತ್ತಂತೆ. ನಾಗನ ಚಿತ್ರ ಕಾಲಡಿಗೆ ಸಿಕ್ಕಬಾರದೆಂದು ತೆಗೆದು ಇಟ್ಟರಂತೆ. ಅದು ನಾಗ ಅಲ್ಲ, ರೆಕ್ಕೆ ಉಂಟಲ್ಲ ಎಂದೆ.

"ರೆಕ್ಕೆ ಉಂಟಾದ್ರೆ ಇನ್ನೂ ಜಾಗ್ರತೆ ಬೇಕು" ಎಂದರು ಅಮ್ಮ. "ನೆಲದಲ್ಲಿ ಹರಿಯುದಕ್ಕೇ ನಾವು ಇಷ್ಟು ಹೆದರುದು."

ಮಾತುಕತೆಯಾಗಿ ಒಂದು ಒಪ್ಪಂದಕ್ಕೆ ಬಂದೆವು. ಎಲೆ ದೇವರ ಕೋಣೆಯಲ್ಲೇ ಇರಬೇಕು. ಆಟಕ್ಕೆ ಬೇಕಾದ ದಿನ ಸ್ನಾನ ಮಾಡಿ ತೆಗೆಯಬಹುದು. ಆ ದಿನ ಮನೆಗೆ ಮೀನು ತರಬಾರದು, ನಾನು ಹೊರಗೂ ಮೀನು, ಮಾಂಸ, ಮೊಟ್ಟೆ ಮುಟ್ಟಬಾರದು.

ಅರಸಿನ ತಾಗಿ ಎಲೆ ಹಾಳಾಗುತ್ತದೆ ಎಂದು ನಾನು ರಾತ್ರಿ ಊಟಕ್ಕೆ ಕೂತು ಗೊಣಗಿದ್ದನ್ನು ಹೆಂಡತಿ ಮನಸ್ಸಿನಲ್ಲಿಟ್ಟುಕೊಂಡಿದ್ದಳು. ಸುಳ್ಯಕ್ಕೆ ಹೋದವಳು ರೇಷನ್ ಕಾರ್ಡು, ಅಮ್ಮನ ಆಧಾರ್, ಡ್ರ್ಯಾಗನ್, ಮೂರನ್ನೂ ಒಟ್ಟಿಗೆ ಲ್ಯಾಮಿನೇಶನ್ ಮಾಡಿಸಿಕೊಂಡು ಬಂದಳು. ಈಗ ಅದು ಉಳಿದ ಎಲೆಗಳಿಗಿಂತ ಬೆರಳಗಲ ದೊಡ್ಡದು, ಮೂರು ಪಟ್ಟು ದಪ್ಪ. ಕಟ್ಟಿನ ಎಲ್ಲಿ ಸೇರಿಸಿದರೂ ಅಂಚು ಹೊರಗೆ ಕಾಣುತ್ತದೆ. ಅರಸಿನವನ್ನಾದರೂ ಒರೆಸಿ ಹಾಕಬಾರದಿತ್ತೇ ಎಂದು ಕೇಳಿದೆ. ಅಂಗಡಿಯವರಿಗೆ ಧೈರ್ಯ ಬರಲಿಲ್ಲವಂತೆ.

ಆರನೆಯದು

ಮೊಬೈಲಿನಲ್ಲಿ ಮುಖ ನೋಡಿಕೊಂಡೇ ಆಡಬಹುದಲ್ಲ ಎಂದು ಆಫೀಸರ್ ಹೇಳಿದರು. ಆಡಬಹುದು, ರೇಂಜ್ ಇದ್ದರೆ. ನಮ್ಮ ಮನೆಯಲ್ಲಿ ಇಲ್ಲ. ರೇಂಜ್ ಸಿಗುವುದು ಹಾಲಿನ ಸೊಸೈಟಿಯ ಎದುರು. ಒಂದು ಸಂಜೆ ಅಲ್ಲಿನ ಜಗಲಿಯ ಮೇಲೆ ಎಲೆ ಹರಡಿ, ಫೋನನ್ನು ಹಾಲಿನ ಕ್ಯಾನಿಗೆ ಒರಗಿಸಿ ಕೂತೆ. ಆಫೀಸರ್ ಮುಖ ಬರುತ್ತಿತ್ತು, ಹೋಗುತ್ತಿತ್ತು. ಮಾತು ಕೇಳಿಸದೆ ಇಬ್ಬರೂ ಕೂಗುತ್ತಿದ್ದೆವು. ಹಾಲು ಹಾಕಲು ಬಂದವರೆಲ್ಲ ಸ್ವಲ್ಪ ದೂರ ಸರಿದು ನಿಂತಿದ್ದರು.

ನನ್ನ ಐದನೆಯ ಗುಡ್ಡ ಇಳಿಯಿತು. ಸಂತೋಷ ತಡೆಯದೆ, ಐದು ಗುಡ್ಡ ಆಯಿತು, ಇನ್ನೊಂದು ಸಿಕ್ಕಿದರೆ ನಿಮ್ಮ ಕತೆ ಮುಗಿಯಿತು ಎಂದು ಕೂಗಿದೆ. ಆಫೀಸರ್ ಬಾಯಿ ತೆರೆದರು. ಹಾಗೆ ತೆರೆದಲ್ಲಿಯೇ ನಿಂತುಬಿಟ್ಟರು. ರೇಂಜ್ ಹೋಗಿತ್ತು. ಕತ್ತಲಾಗುವವರೆಗೆ ಆ ತೆರೆದ ಬಾಯಿಯನ್ನೇ ನೋಡುತ್ತಾ ಕೂತಿದ್ದೆ.

ಮರುದಿನ ಬೆಳಿಗ್ಗೆ ಜಾಗದ ದಲ್ಲಾಳಿಯೊಬ್ಬರು ಮನೆಗೆ ಬಂದರು. ಕಾಫಿ ಕುಡಿದು, ಸುತ್ತಮುತ್ತ ನೋಡಿ, ಸ್ವರ ತಗ್ಗಿಸಿದರು. "ಐದು ಗುಡ್ಡ ಮಾಡಿದ್ದೀರಂತೆ. ಗೊತ್ತೇ ಆಗ್ಲಿಲ್ಲ ಮಾರಾಯ್ರೆ. ಆರನೆಯದ್ದು ನನ್ನ ಹತ್ತಿರ ಉಂಟು. ರಬ್ಬರಿಗೆ ಅಡ್ಡಿಯಿಲ್ಲ, ಮಾರ್ಗದ ಬದಿ."

ಅದು ಕಾಗದದ ಗುಡ್ಡವಾಗಿದ್ದರೆ ಅಲ್ಲೇ ಮುಂಗಡ ಕೊಡುತ್ತಿದ್ದೆ.

ಗುಂಡ್ಯದಲ್ಲಿ ಬಸ್ಸು ನಿಂತಾಗ

ಕೊನೆಗೂ ಆಫೀಸರ್ ಬಂದರು. ಬಂದರು ಎಂದರೆ ನಮ್ಮಲ್ಲಿಗಲ್ಲ. ಮಂಗಳೂರಿನಲ್ಲಿ ಎರಡು ದಿನದ ತರಬೇತಿ, ಮುಗಿದ ಕೂಡಲೇ ಬೆಂಗಳೂರಿಗೆ ಹಗಲಿನ ಬಸ್ಸು, ಅಲ್ಲಿಂದ ಊರಿಗೆ. ನಡುವೆ ಬಿಡುವಿಲ್ಲ. ಆದರೆ ಬಸ್ಸು ಘಾಟಿ ಹತ್ತುವ ಮೊದಲು ಗುಂಡ್ಯದಲ್ಲಿ ಚಹಾಕ್ಕೆ ಇಪ್ಪತ್ತು ನಿಮಿಷ ನಿಲ್ಲುತ್ತದೆ, ಬರ್ತೀರಾ ಎಂದು ಕೇಳಿದರು.

ನಾನು ಸ್ನಾನ ಮಾಡಿ, ದೇವರ ಕೋಣೆಯಿಂದ ಡ್ರ್ಯಾಗನ್ ತೆಗೆದುಕೊಂಡು, ಬ್ಯಾಂಕಿಗೆ ರಜೆ ಹಾಕಿ, ಬಸ್ಸಿಗಿಂತ ಎರಡು ಗಂಟೆ ಮೊದಲೇ ಗುಂಡ್ಯದ ಹೋಟೆಲಿನಲ್ಲಿ ಮೂಲೆಯ ಮೇಜು ಹಿಡಿದು ಕೂತೆ. ಅಷ್ಟು ಹೊತ್ತು ಮೇಜು ಬಿಟ್ಟುಕೊಡದಿರಲು ಹೊಟ್ಟೆಗೆ ಹೋದ ಚಹಾದ ಮಾತು ಇಲ್ಲಿ ಬೇಡ.

ಆಫೀಸರ್ ಬಸ್ಸಿನಿಂದ ಇಳಿದು ಬಂದರು. ಸ್ವಲ್ಪ ದಪ್ಪ ಆಗಿದ್ದರು, ಕೂದಲು ಕಡಿಮೆಯಾಗಿತ್ತು. ಕುಶಲ ಕೇಳುತ್ತಾ ಕೂರಲು ಇಬ್ಬರಿಗೂ ಪುರುಸೊತ್ತಿಲ್ಲ. ಅವರು ಆಮ್ಲೆಟ್ ಹೇಳಿದರು. ನಾನು ಯಾಕೆ ತಿನ್ನುವುದಿಲ್ಲ ಎಂಬುದನ್ನು ಎಲೆ ಕಲಸುತ್ತಲೇ ಹೇಳಿದೆ. ಅವರು ಎದ್ದು ಹೋಗಿ ಕೈ ತೊಳೆದುಕೊಂಡು ಬಂದು, ಆಮ್ಲೆಟನ್ನು ಪಕ್ಕದ ಮೇಜಿಗೆ ಸರಿಸಿದರು.

ಆಟ ಶುರುವಾಯಿತು. ಲ್ಯಾಮಿನೇಶನ್ನಿನ ಅಂಚು ನನ್ನ ಕೈಯಲ್ಲಿ ಮಿಂಚುತ್ತಿತ್ತು. ಅದನ್ನು ಕಾಣದಿರಲು ಸಾಧ್ಯವಿರಲಿಲ್ಲ.

"ನನ್ನ ಡ್ರ್ಯಾಗನ್ ನಿಮ್ಮ ಕೈಯಲ್ಲೇ ಉಂಟಲ್ಲ?"

"ಇರಬಹುದು" ಎಂದೆ.

ನನ್ನ ಮೊದಲ ಗುಡ್ಡ ಇಳಿಯಿತು. ಅವರದೂ ಇಳಿಯಿತು. ಎರಡನೆಯದು, ಮೂರನೆಯದು. ನನ್ನ ಕೈಯಲ್ಲಿ ಉಳಿದದ್ದೆಲ್ಲ ಡ್ರ್ಯಾಗನ್‌ಗಳು. ತಡೆಯಲು ಒಬ್ಬ ಸೈನಿಕನೂ ಇಲ್ಲ. ಕಡಬದ ದಿನಗಳಾಗಿದ್ದರೆ ಇಷ್ಟರಲ್ಲಿ ಅವರು ನನ್ನನ್ನು ಎರಡು ಸಲ ಮುಗಿಸುತ್ತಿದ್ದರು. ಈಗ ಮಾತ್ರ ಗುಡ್ಡ ಇಳಿಸುವುದು, ಆಯ್ತು ಎನ್ನುವುದು, ಚಹಾ ಕುಡಿಯುವುದು, ಇಷ್ಟೇ. ನಿಮ್ಮ ಸೈನಿಕರು ಎಲ್ಲಿ ಎಂದು ಕೇಳಿದೆ.

ಅವರು ಎಲೆಗಳಿಂದ ಕಣ್ಣೆತ್ತಲಿಲ್ಲ. "ರಜೆಯಲ್ಲಿದ್ದಾರೆ ಮಾರಾಯ್ರೆ."

ನನ್ನ ಐದನೆಯ ಗುಡ್ಡ ಇಳಿಯಿತು. ಅವರೂ ಒಂದು ಇಳಿಸಿ ಆಯ್ತು ಎಂದರು. ನಾನು ಕಟ್ಟಿನ ಮೇಲಿನ ಎಲೆಗೆ ಕೈ ಹಾಕಿದೆ. ಅದೊಂದು ಗುಡ್ಡವಾದರೆ ಸಾಕಿತ್ತು. ಹೊರಗೆ ಕಂಡಕ್ಟರ್ ಸೀಟಿ ಊದಿದರು.

ಇನ್ನೊಂದೇ ಎಲೆ ಎಂದೆ. ಡ್ರೈವರ್ ಆಗಲೇ ಬಸ್ಸನ್ನು ಅಲುಗಾಡಿಸುತ್ತಿದ್ದರು. ಆಫೀಸರ್ ತಮ್ಮ ಕೈಯ ಎಲೆಗಳನ್ನು ಹಾಗೆಯೇ ಅಂಗಿಯ ಜೇಬಿಗೆ ಹಾಕಿಕೊಂಡು, ಉಳಿದದ್ದನ್ನು ಬಾಚಿಕೊಂಡು ಓಡಿದರು. ಬಾಗಿಲಲ್ಲಿ ನೇತಾಡುತ್ತಾ ತಿರುಗಿ, "ಈಗ ಎತ್ತಬೇಡಿ. ನಾನು ಬಂದ ಮೇಲೆ ಎತ್ತುದು. ಸರದಿ ನಿಮ್ಮದೇ" ಎಂದರು. ಬಸ್ಸು ಘಾಟಿಯ ಕಡೆ ಹೋಯಿತು. ಆಮ್ಲೆಟ್ ಪಕ್ಕದ ಮೇಜಿನಲ್ಲೇ ಉಳಿಯಿತು. ನನಗೆ ತಿನ್ನುವ ಹಾಗೂ ಇರಲಿಲ್ಲ.

ಈಗ ಅವರ ಎಲೆಗಳು ಹಿಮಾಚಲದಲ್ಲಿ ರಬ್ಬರ್ ಬ್ಯಾಂಡ್ ಹಾಕಿಕೊಂಡು ಕೂತಿವೆ. ನನ್ನವು ದೇವರ ಕೋಣೆಯಲ್ಲಿವೆ. ಕೈಯ ಎಲೆಗಳು, ಐದು ಗುಡ್ಡ, ಎತ್ತದೇ ಉಳಿದ ಕಟ್ಟು, ಎಲ್ಲವನ್ನೂ ಅಮ್ಮ ಒಂದು ತಟ್ಟೆಯಲ್ಲಿಟ್ಟಿದ್ದಾರೆ. ಮೇಲಿನ ಎಲೆಗೂ ಒಂದು ಬೊಟ್ಟು ಅರಸಿನ ಬಿದ್ದಿದೆ. ಅದನ್ನು ತಿರುಗಿಸಿ ನೋಡಲು ಯಾರ ಅಡ್ಡಿಯೂ ಇಲ್ಲ. ನಾನು ನೋಡಿಲ್ಲ.

ಅಮ್ಮ ಆಗಾಗ ಕೇಳುತ್ತಾರೆ. "ಅವರು ಇನ್ನು ಯಾವಾಗ ಬರುದು?"

ಗೊತ್ತಿಲ್ಲ ಎನ್ನುತ್ತೇನೆ.

"ಬರುದಾದ್ರೆ ಮೊದಲೇ ಹೇಳ್ಲಿ. ಆ ದಿನ ಮೀನು ತರ್ಲಿಕ್ಕಿಲ್ಲ."

ಮೀನಿನ ಗಾಡಿ ನಿಲ್ಲುವುದು ಹಾಲಿನ ಸೊಸೈಟಿಯ ಎದುರು, ರೇಂಜ್ ಇರುವುದೂ ಅಲ್ಲೇ. ದಿನಾ ಬೆಳಿಗ್ಗೆ ಗಾಡಿಯ ಹಾರ್ನ್ ಕೇಳಿ ಹೋದವನು, ಮೊದಲು ಫೋನ್ ತೆಗೆದು ಆಫೀಸರ್ ಸುದ್ದಿ ಏನಾದರೂ ಉಂಟಾ ಎಂದು ನೋಡುತ್ತೇನೆ. ಮೀನಿನವರು ತಕ್ಕಡಿ ಹಿಡಿದು ಕಾಯುತ್ತಾರೆ. ಆಮೇಲೆ ಬಂಗುಡೆ ತೆಗೆದುಕೊಂಡು ಬರುತ್ತೇನೆ.