ಮುಂದಿನ ಚಕ್ರ ಹಿಂದಕ್ಕೆ

ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಸಿಗುವ ಜೀಪು ಇನ್ನಂಜೆಯ ನಮ್ಮ ಬಯಲಿನಲ್ಲಿ ಒಂದೇ ಒಂದು ಉಂಟು. ಅದು ನನ್ನ ತಮ್ಮನದು. ಸದ್ಯಕ್ಕೆ ಅದಕ್ಕೆ ಚಕ್ರ ಇಲ್ಲ, ಅಷ್ಟೇ!

ನಗಬೇಡಿ. ನಕ್ಕು ನಕ್ಕು ನನಗೆ ಸುಸ್ತಾಗಿದೆ. ಅರವತ್ತೆಂಟು ವರ್ಷದ ಗಂಡಸು, ಕಾರ್ಕಳದ ಕಲ್ಲುಕೋರೆಯಲ್ಲಿ ಮೂವತ್ತು ವರ್ಷ ಲಾರಿ ಓಡಿಸಿದವನು, ಕೆಲಸ ಬಿಟ್ಟು ಬರುವಾಗ ಎಲ್ಲರ ಹಾಗೆ ಒಂದು ಶಾಲು, ಒಂದು ಹಾರ ತರಬಾರದೇ? ಇವನು ಕೋರೆಯ ಮೂಲೆಯಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಹಳೇ ಜೀಪನ್ನು ತಂದ. ಮದುವೆ ಆಗಿಲ್ಲ. ಹಾಗಾಗಿ ಜೀಪಿನ ಸಮೇತ ನನ್ನ ಮನೆಗೇ ಬಂದ. ನಮ್ಮ ಅಳಿಯಕಟ್ಟಿನಲ್ಲಿ ಮನೆ ಹೆಣ್ಣುಮಕ್ಕಳದ್ದು, ತಮ್ಮಂದಿರು ಇರಬಹುದು. ಆದರೆ ತಮ್ಮಂದಿರ ಆಕ್ಸೆಲ್ಲೂ ಜಗಲಿಯಲ್ಲಿ ಇರಬಹುದು ಎಂದು ಯಾವ ಹಿರಿಯರೂ ಹೇಳಿದ್ದು ನಾನು ಕೇಳಿಲ್ಲ.

ಈ ಜೀಪಿನ ಗೊಡವೆ ನನಗೆ ಬಂದದ್ದು ನನ್ನ ಮೊಣಕಾಲಿನಿಂದ. ನಮ್ಮ ಮನೆ ಗದ್ದೆಯ ಮಟ್ಟದಲ್ಲಿದೆ. ರಸ್ತೆ ಮೇಲೆ. ನಡುವೆ ಕೆಂಪು ಮುರಕಲ್ಲು ಕಡಿದು ಮಾಡಿದ ಕಡಿದಾದ ಏರು. ಮಳೆ ಬಿದ್ದರೆ ಆ ಏರು ಎಣ್ಣೆ ಹಚ್ಚಿದ ಹಾಗೆ. ಯಾವ ರಿಕ್ಷಾದವನೂ ಇಳಿಯುವುದಿಲ್ಲ. ಕಳೆದ ವರ್ಷದ ಮಳೆಗಾಲದಲ್ಲಿ ನನ್ನ ಬಲ ಮೊಣಕಾಲು ಕೊಡೆಯ ಹಾಗೆ ಮಡಚಿ ನಿಂತಿತು. ನಾಲ್ಕು ಜನ ನನ್ನನ್ನು ಕೆಂಪು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಏರು ಹತ್ತಿದರು. ಗದ್ದೆಯಲ್ಲಿ ನೇಜಿ ನೆಡುತ್ತಿದ್ದ ಹೆಂಗಸರೆಲ್ಲ ಬೆನ್ನು ನೆಟ್ಟಗೆ ಮಾಡಿ ನೋಡಿದರು. ಒಬ್ಬಳು ಕೂಗಿದಳು, "ಅಕ್ಕಾ, ದೇವರ ಉತ್ಸವಬಲಿ ಹೊರಟ ಹಾಗೆ ಕಾಣುತ್ತದೆ! ಕೊಂಬು ಕಹಳೆ ಎಲ್ಲಿ?"

ಅವತ್ತೇ ನಿಶ್ಚಯ ಮಾಡಿದೆ. ನನ್ನನ್ನು ಹೊರುವ ದಿನ ಒಂದು ಬಂದೇ ಬರುತ್ತದೆ, ಅವತ್ತು ನನಗೆ ಕಾಣುವುದಿಲ್ಲ, ಆಗ ಹೊರಲಿ. ಅಲ್ಲಿಯವರೆಗೆ ಕುರ್ಚಿ ಬೇಡ.

ಮಣಿಪಾಲದ ಡಾಕ್ಟರು ಮೊಣಕಾಲು ಬದಲಾಯಿಸಬೇಕು ಎಂದರು. ಆದರೆ ಮೊದಲು ಸಕ್ಕರೆ ಇಳಿಯಬೇಕಂತೆ, ಜೂನ್ ತಿಂಗಳಲ್ಲಿ ಬನ್ನಿ ಎಂದರು. ಜೂನ್! ಸರಿಯಾಗಿ ಮಳೆಗೆ! "ಹಾಗಾದರೆ ಬರುವುದಿಲ್ಲ" ಎಂದು ಅಲ್ಲೇ ಹೇಳಿ ಬಂದೆ. ಜೊತೆಗಿದ್ದ ನನ್ನ ತಮ್ಮ, ಮನೆಗೆ ಬಂದವನೇ ಜೀಪಿನ ಮೇಲಿನ ಟಾರ್ಪಾಲು ಎಳೆದ.

"ಅಕ್ಕ, ನಾಲ್ಕೂ ಚಕ್ರಕ್ಕೆ ಪವರ್ ಬಂದರೆ ಇದು ಮಳೆಗೂ ಹತ್ತುತ್ತದೆ. ನಿನ್ನನ್ನು ಇದರಲ್ಲೇ ಕರೆದುಕೊಂಡು ಹೋಗುತ್ತೇನೆ."

"ಇದು ಹತ್ತುವಾಗ ನನ್ನ ಮೊಣಕಾಲು ಬಿಡು, ನಾನೇ ಇರುವುದಿಲ್ಲ."

ಎಂಜಿನ್ನಿನ ಬಲವನ್ನು ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಹಂಚಿಕೊಡುವ ಒಂದು ಕಬ್ಬಿಣದ ಪೆಟ್ಟಿಗೆ ಉಂಟು. ಟ್ರಾನ್ಸ್‌ಫರ್ ಕೇಸ್ ಅಂತ ಹೆಸರು. ನಮ್ಮ ಜೀಪಿನದ್ದು ಹಲ್ಲು ಉದುರಿ ಹೋಗಿತ್ತು. ಕಾರ್ಕಳದ ಗುಜರಿಯಲ್ಲಿ ಇನ್ನೊಂದು ಸಿಕ್ಕಿತು. ಬಸ್ಸಿನಲ್ಲಿ, ನನ್ನ ಹೊಸ ಬೆಡ್‌ಶೀಟಿನಲ್ಲಿ ಸುತ್ತಿ, ಮಡಿಲಲ್ಲಿಟ್ಟು ತಂದ. ನಾನು ಭತ್ತ ಬೇಯಿಸುವ ಪಾತ್ರೆಯಲ್ಲಿ ಸೀಮೆಎಣ್ಣೆ ಹಾಕಿ ಅದನ್ನು ಮೀಯಿಸಿದ. ಮೂರು ದಿನ ಜೀಪಿನ ಅಡಿಯಲ್ಲಿ ಮಲಗಿ ಜೋಡಿಸಿದ. ಎಲ್ಲ ಆದ ಮೇಲೆ ಗೊತ್ತಾಯಿತು: ಹಳೇ ಪೆಟ್ಟಿಗೆಯಿಂದ ಮುಂದಿನ ಚಕ್ರಕ್ಕೆ ಹೋಗುವ ರಾಡು ಬಲದಲ್ಲಿ ಹೊರಡುತ್ತಿತ್ತು. ಹೊಸತರಲ್ಲಿ ಎಡದಲ್ಲಿ! ಮುಂದಿನ ಆಕ್ಸೆಲ್ಲಿನಲ್ಲಿ ಆ ರಾಡು ಸೇರುವ, ಚೀನಿಕಾಯಿ ಕುಂಬಳದಷ್ಟು ದಪ್ಪದ ಒಂದು ಗಂಟು ಇರುತ್ತದೆ. ಅದು ಬಲದಲ್ಲೇ ಕೂತಿದೆ.

"ತರುವ ಮೊದಲು ನೋಡಬಾರದಿತ್ತಾ ಮಾರಾಯ?"

"ಪೆಟ್ಟಿಗೆ ತುಂಬ ಚಂದ ಇತ್ತು ಅಕ್ಕ."

"ನೀನು ಗುಜರಿಗೆ ಹೋದದ್ದಾ, ಹೆಣ್ಣು ನೋಡಲಿಕ್ಕೆ ಹೋದದ್ದಾ?"

ಇನ್ನು ಎಡದಲ್ಲಿ ಚೀನಿಕಾಯಿ ಇರುವ ಆಕ್ಸೆಲ್ ಬೇಕು. ಹೂಡೆಯಲ್ಲಿ ಒಂದು ಉಂಟು ಎಂದು ಯಾರೋ ಹೇಳಿದರು. ಬೆಳಿಗ್ಗೆ ಗಂಜಿಯನ್ನೂ ಉಣ್ಣದೆ ಓಡಿದ. ಇದ್ದದ್ದು ನಿಜ. ಹೊಳೆಯ ಬದಿಯಲ್ಲಿ, ಅರ್ಧ ಹೂಳಿ, ಅದಕ್ಕೆ ಹಗ್ಗ ಹಾಕಿ ಮೀನಿನ ದೋಣಿ ಕಟ್ಟಿದ್ದರಂತೆ! ಇವನು ಕೇಳಿದ್ದಕ್ಕೆ ದೋಣಿಯವರು, "ಇದನ್ನು ಕೊಟ್ಟರೆ ದೋಣಿ ಅರಬ್ ದೇಶಕ್ಕೆ ಹೋಗುತ್ತದೆ. ನಿಮಗೆ ಅಷ್ಟು ಆಸೆ ಇದ್ದರೆ ಆಗಾಗ ಬಂದು ನೋಡಿಕೊಂಡು ಹೋಗಿ" ಎಂದರಂತೆ. ಇವನು ಹೋದ. ಎರಡು ಸಲ.

ಆಮೇಲೆ ಒಂದು ದಿನ ಲಟ್ಟಣಿಗೆಯನ್ನು ಆಕ್ಸೆಲ್ಲಿನ ಹಾಗೆ ಹಿಡಿದುಕೊಂಡು ನನ್ನೆದುರು ಕೂತ. ನಾನು ಹೂ ಕಟ್ಟುತ್ತಿದ್ದೆ. ಶಂಕರಪುರದಿಂದ ಮಲ್ಲಿಗೆ ಮೊಗ್ಗು ಬರುತ್ತದೆ, ಬಾಳೆನಾರು ನೆನೆಸಿ ಅಟ್ಟೆ ಲೆಕ್ಕದಲ್ಲಿ ಮಾಲೆ ಕಟ್ಟಿ ಕೊಡುವುದು ನನ್ನ ಕೆಲಸ. ಕಾಲು ನಿಂತರೂ ಬೆರಳು ನಿಂತಿಲ್ಲವಲ್ಲ!

"ನೋಡು ಅಕ್ಕ. ಈ ಬಲದ ಗಂಟು ಎಡಕ್ಕೆ ಬರಬೇಕಾದರೆ ಹೊಸ ಆಕ್ಸೆಲ್ ಎಂತಕ್ಕೆ? ಇದ್ದದ್ದನ್ನೇ ಮಗುಚಿ ಹಾಕಿದರೆ ಆಯಿತು. ದೋಸೆ ಮಗುಚಿದ ಹಾಗೆ."

"ದೋಸೆ ಮಗುಚಿದರೆ ಮೇಲಿನ ತೂತಿನ ಕಣ್ಣೆಲ್ಲ ಅಡಿಗೆ ಹೋಗುತ್ತದೆ."

"ಕಬ್ಬಿಣಕ್ಕೆ ಎಂತ ಕಣ್ಣು?"

ವೆಲ್ಡಿಂಗಿಗೆ ಬಂದದ್ದು ಲಾರೆನ್ಸ್ ಪೊರ್ಬುಗಳು (ಕ್ರೈಸ್ತರ ಹಿರಿಯರನ್ನು ನಾವು ಹಾಗೆ ಕರೆಯುವುದು), ಶಂಕರಪುರದವರು, ಇವನಷ್ಟೇ ವಯಸ್ಸು, ಇವನಷ್ಟೇ ಬುದ್ಧಿ. ಇಬ್ಬರೂ ಸೇರಿ ಆಕ್ಸೆಲ್ಲಿನ ಎರಡು ತುದಿ ಕತ್ತರಿಸಿ, ನಡುವಿನದನ್ನು ತಲೆಕೆಳಗೆ ಮಾಡಿ, ತುದಿಗಳನ್ನು ಪುನಃ ಬೆಸೆದರು. ಒಂದು ವಾರ ನನ್ನ ಅಂಗಳದಲ್ಲಿ ಹಗಲೇ ನಕ್ಷತ್ರ! ಜೀಪು ಗೇಣು ಎತ್ತರವೂ ಆಯಿತು. ಅದೇ ವಾರ ನನ್ನ ನಾರಿನ ಕಟ್ಟಿನಿಂದ ಉದ್ದದ ಒಂದು ನಾರು ಕಾಣೆಯಾಯಿತು.

"ವಯರು ಕಟ್ಟಲಿಕ್ಕೆ ನನ್ನ ನಾರು ತೆಗೆದೆಯಾ?"

"ಒಂದೇ ಒಂದು, ಅಕ್ಕ."

"ಕಳ್ಳರೂ ಹಾಗೆಯೇ ಹೇಳುವುದು."

ಪರೀಕ್ಷೆಯ ದಿನ ಇಬ್ಬರೂ ಮಿಂದು ಬಂದರು. ಜೀಪು ಸ್ಟಾರ್ಟ್ ಆಯಿತು. ಸುಳ್ಳು ಹೇಳಬಾರದು, ನನಗೂ ಒಂದು ಕ್ಷಣ ಆಸೆ ಆಯಿತು. ತಮ್ಮ ನಾಲ್ಕು ಚಕ್ರದ ಹಿಡಿ ಎಳೆದ, ಕ್ಲಚ್ ಬಿಟ್ಟ. ಜೀಪು ಮುಂದೆ ಹೋಗಲಿಲ್ಲ. ಹಿಂದೆಯೂ ಹೋಗಲಿಲ್ಲ. ನಿಂತಲ್ಲಿಯೇ ಮೈಮೇಲೆ ದರ್ಶನ ಬಂದ ಪಾತ್ರಿಯ ಹಾಗೆ ಗಡಗಡ ನಡುಗಿತು! ಕೋಳಿಗಳೆಲ್ಲ ಹಂಚಿನ ಮಾಡಿಗೆ ಹಾರಿದವು. ಸುಟ್ಟ ವಾಸನೆ ಬಂದು ತಾನೇ ಆಫ್ ಆಯಿತು. ಬ್ರೇಕ್ ಹಿಡಿದಿದೆ ಎಂದ ತಮ್ಮ. ಕ್ಲಚ್ ಹೋಗಿದೆ ಎಂದರು ಪೊರ್ಬುಗಳು. ಬೇಲಿಯಾಚೆಯ ನೆರೆಯವಳು, ದೃಷ್ಟಿ ಆಗಿದೆ ಎಂದಳು. ಯಾರ ದೃಷ್ಟಿ? ಅದನ್ನು ನೋಡಿ ಹೊಟ್ಟೆಕಿಚ್ಚು ಪಡುವವರು ಯಾರು?

ಎರಡು ದಿನ ಬ್ರೇಕ್ ಬಿಚ್ಚಿದರು, ಕ್ಲಚ್ ಬಿಚ್ಚಿದರು. ಮೂರನೇ ದಿನ ನಾಲ್ಕೂ ಚಕ್ರ ನೆಲ ಬಿಡುವ ಹಾಗೆ ಜೀಪನ್ನು ಕಲ್ಲಿನ ಮೇಲೆ ಏರಿಸಿ ಗೇರ್ ಹಾಕಿದರು. ಇಬ್ಬರೂ ಎಂಜಿನ್ನಿನೊಳಗೆ ತಲೆ ಹಾಕಿ ಕಿವಿ ಕೊಟ್ಟು ಕೇಳುತ್ತಿದ್ದಾರೆ. ನಾನು ಜಗಲಿಯಲ್ಲಿ ಹೂ ಕಟ್ಟುತ್ತಾ ಚಕ್ರ ನೋಡಿದೆ.

"ಹೌದಾ, ಮುಂದಿನ ಚಕ್ರ ಹಿಂದಕ್ಕೆ ತಿರುಗುತ್ತಾ ಉಂಟಲ್ಲ. ಅದು ಹಾಗೆಯೇ ಆಗಬೇಕಾ?"

ಇಬ್ಬರೂ ತಲೆ ಎತ್ತಿದರು. ಮುಂದಿನ ಚಕ್ರ ನೋಡಿದರು. ಹಿಂದಿನ ಚಕ್ರ ನೋಡಿದರು. ಒಂದು ಜೊತೆ ಕುಂದಾಪುರಕ್ಕೆ ಹೊರಟಿದೆ, ಇನ್ನೊಂದು ಜೊತೆ ಮಂಗಳೂರಿಗೆ! ಪೊರ್ಬುಗಳು ನಿಧಾನವಾಗಿ ಎದೆಯ ಮೇಲೆ ಶಿಲುಬೆ ಗುರುತು ಮಾಡಿ, "ಜೆಜು!" ಎಂದರು.

"ದೋಸೆ" ಎಂದೆ ನಾನು.

ಗಂಟನ್ನು ತಲೆಕೆಳಗೆ ಮಾಡಿದರೆ ಒಳಗಿನ ಹಲ್ಲುಚಕ್ರವೂ ಈ ಬದಿಯಿಂದ ಆ ಬದಿಗೆ ಹೋಗುತ್ತದೆ, ತಿರುಗುವುದೂ ಉಲ್ಟಾ ಆಗುತ್ತದೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಕಂಡದ್ದು ಮೂವತ್ತು ವರ್ಷದ ಡ್ರೈವರಿಗೆ ಕಾಣಲಿಲ್ಲ. ನನಗೆ ಬುದ್ಧಿ ಹೆಚ್ಚು ಎಂದಲ್ಲ. ಅವರು ಕೇಳುತ್ತಿದ್ದರು, ನಾನು ನೋಡಿದೆ.

ಮೇ ತಿಂಗಳ ಕೊನೆಗೆ ಕಾರ್ಕಳದಲ್ಲಿಯೇ, ಹುಟ್ಟಿನಿಂದಲೇ ಎಡದಲ್ಲಿ ಗಂಟಿರುವ ಒಂದು ಆಕ್ಸೆಲ್ ಸಿಕ್ಕಿತು. ಈ ಸಲ ತಮ್ಮ ಗುಜರಿಯಲ್ಲೇ ಕೂತು ರಾಡನ್ನು ಕೈಯಿಂದ ತಿರುಗಿಸಿ, ಎಷ್ಟು ಸುತ್ತಿಗೆ ಚಕ್ರ ಒಂದು ಸುತ್ತು ಬರುತ್ತದೆ ಎಂದು ಎಣಿಸಿದನಂತೆ. ಹಿಂದಿನ ಆಕ್ಸೆಲ್ಲಿನ ಲೆಕ್ಕಕ್ಕೆ ತಾಳೆಯಾದ ಮೇಲೆಯೇ ತಂದ. ಜೋಡಿಸಿದ ಮೇಲೆ ಪುನಃ ಎಣಿಸಿದ. ಪೊರ್ಬುಗಳು ಎಣಿಸಿದರು. ನನ್ನನ್ನೂ ಕರೆದು ಎಣಿಸಲು ಹೇಳಿದರು. ನೋಡಿ, ಮರ್ಯಾದೆ ಬರುವುದಕ್ಕೆ ಎಷ್ಟು ವಯಸ್ಸಾಗಬೇಕು!

ಆದರೆ ಹೊಸ ಆಕ್ಸೆಲ್ಲಿಗೆ ಜೀಪು ಮತ್ತೂ ಎತ್ತರ. ಸೀಟು ನನ್ನ ಎದೆಯ ಮಟ್ಟಕ್ಕೆ. "ಇನ್ನು ಒಂದು ಏಣಿಯನ್ನೂ ಮಾಡು. ಇಲ್ಲದಿದ್ದರೆ ಅದೇ ಕುರ್ಚಿಯಲ್ಲಿ ಕೂರಿಸಿ ಜೀಪಿಗೆ ಹತ್ತಿಸಬೇಕು" ಎಂದೆ. ಅವನು ಸ್ಪಾನರ್ ಎತ್ತಿಕೊಂಡು ಪುನಃ ಜೀಪಿನ ಅಡಿಗೆ ಹೋದ.

ಜೂನ್ ಬಂತು, ಮಳೆಯೂ ಬಂತು. ಹೋಗುವ ದಿನ ಏರಿನಲ್ಲಿ ಕೆಂಪು ನೀರು ಹರಿಯುತ್ತಿತ್ತು. ತಮ್ಮ ಜೀಪನ್ನು ಜಗಲಿಯ ಹತ್ತಿರ ತಂದು ನನ್ನ ಬದಿಯ ಬಾಗಿಲು ತೆಗೆದ. ಬಾಗಿಲಿನ ಅಡಿಯಲ್ಲಿ ಎರಡು ಮೆಟ್ಟಿಲು. ಕತ್ತರಿಸಿ ಹಾಳುಮಾಡಿದ ಹಳೇ ಆಕ್ಸೆಲ್ಲಿನ ಕೊಳವೆಯನ್ನೇ ಬೆಸೆದು ಮಾಡಿದ್ದು, ಮೇಲೆ ಜಾರದ ಹಾಗೆ ಟಯರಿನ ತುಂಡು. ಬಲಗಾಲು ಇಟ್ಟೆ. ನೋಯಲಿಲ್ಲ. ಎರಡನೆಯದಕ್ಕೆ ಇಟ್ಟೆ. ನೋಯಲಿಲ್ಲ. ಯಾರ ಕೈಯೂ ಹಿಡಿಯದೆ ಸೀಟಿನಲ್ಲಿ ಕೂತೆ. ಕಾಲ ಬಳಿಯ ಸ್ಪಾನರ್ ಪೆಟ್ಟಿಗೆಯಲ್ಲಿ ನನ್ನ ಬಾಳೆನಾರು, ಒಣಗಿ ಕಡ್ಡಿಯಾಗಿ, ಒಂದು ಕಡೆ ಗಂಟು ಹಾಕಿ ಇಟ್ಟದ್ದು.

"ಇದೆಂತ?"

"ಅಳತೆ." ಅವನು ಗೇರ್ ನೋಡುತ್ತಾ ಹೇಳಿದ. "ಜಗಲಿಯ ಮೆಟ್ಟಿಲಿಗೆ ನೀನು ಕಂಬ ಹಿಡಿಯುತ್ತೀ. ಬಚ್ಚಲಿನ ಕಲ್ಲು ಹತ್ತುವಾಗ ಎಂತದೂ ಹಿಡಿಯುವುದಿಲ್ಲ. ಆ ಕಲ್ಲಿನ ಎತ್ತರ ಅದು."

ನಾನು ಕಂಬ ಹಿಡಿಯುವುದನ್ನು ಯಾರಿಗೂ ತೋರಿಸಿದವಳಲ್ಲ. ಆಚೀಚೆ ನೋಡಿ, ಯಾರೂ ಇಲ್ಲ ಎಂದು ಗ್ಯಾರಂಟಿ ಮಾಡಿ ಹಿಡಿಯುವುದು. ಜೀಪಿನ ಅಡಿಯಲ್ಲಿ ನೋಡಬೇಕೆಂದು ತೋಚಿರಲಿಲ್ಲ.

"ಮುಂದೆ ನೋಡಿ ಓಡಿಸು" ಎಂದೆ. ಜೀಪು ಹತ್ತಿತು. ನಾಲ್ಕೂ ಚಕ್ರ ಒಂದೇ ಊರಿಗೆ ಹೊರಟಿದ್ದವು.

ಬಲ ಮೊಣಕಾಲು ಈಗ ಹೊಸತು. ಎಡದ್ದಕ್ಕೂ ಡಾಕ್ಟರು ದಿನ ಕೊಟ್ಟಿದ್ದಾರೆ. ಅದನ್ನು ಕೇಳಿದ ಮಾರನೇ ದಿನವೇ ಇವನು ಚಕ್ರ ಬಿಚ್ಚಿ ಕೂತ. ಮುಂದಿನ ಬದಿಯಿಂದ ಎಂತದೋ ಶಬ್ದ ಬರುತ್ತದಂತೆ. ನಿನ್ನೆ ನಾನು ಜಗಲಿ ಹತ್ತುವಾಗ ಜೀಪಿನ ಅಡಿಯಲ್ಲಿ ಸುತ್ತಿಗೆಯ ಸದ್ದು ನಿಂತಿತು. ನೋಡುತ್ತಿದ್ದಾನೆ ಎಂದು ಗೊತ್ತಾಯಿತು.

ಮೊದಲಾದರೆ ಹಲ್ಲು ಕಚ್ಚಿ ಹಾಗೆಯೇ ಹತ್ತುತ್ತಿದ್ದೆ. ನಿನ್ನೆ ಕಂಬ ಹಿಡಿದೆ, ಅವನಿಗೆ ಕಾಣುವ ಹಾಗೆ. ಅಳತೆ ತಪ್ಪಬಾರದಲ್ಲ.